ಹುಂಡಿಯ ಊರಲ್ಲಿ ಫೈರ್‌ವಾಲ್

ಸೂರತ್ತಿನ ಸರಾಫರು ಹುಂಡಿಯನ್ನು, ಅಂದರೆ ಇಷ್ಟು ಹಣ ಸಲ್ಲಿಸಿ ಎಂದು ಇನ್ನೊಬ್ಬ ವರ್ತಕನಿಗೆ ಕೊಡುವ ಆದೇಶದ ಕಾಗದವನ್ನು, ಬರೆಯುವಾಗ ಮೊತ್ತವನ್ನು ಒಂದೇ ಸಲ ಬರೆದು ಸುಮ್ಮನಾಗುತ್ತಿರಲಿಲ್ಲ. ಸಾವಿರ ರೂಪಾಯಿ ಎಂದು ಬರೆದ ಮೇಲೆ, ಅದರ ಅರ್ಧ ಐನೂರು, ಆ ಐನೂರರ ಇಮ್ಮಡಿಯನ್ನು ಪೂರ್ತಿ ಸಲ್ಲಿಸತಕ್ಕದ್ದು ಎಂದು ಮತ್ತೊಮ್ಮೆ ಕಾಣಿಸುವುದು ರೂಢಿ. ದಾರಿಯಲ್ಲಿ ಯಾರಾದರೂ ಒಂದು ಸೊನ್ನೆ ಸೇರಿಸಿದರೆ ಲೆಕ್ಕ ಕೂಡುತ್ತಿರಲಿಲ್ಲ. ಹುಂಡಿ ಕಳೆದುಹೋದರೆ ‘ಪೇಠ್’ ಎಂಬ ಎರಡನೇ ಪ್ರತಿ, ಅದೂ ಕಳೆದರೆ ‘ಪರಪೇಠ್’ ಎಂಬ ಮೂರನೆಯದು. ಒಂದಕ್ಕೆ ಹಣ ಸಂದರೆ ಉಳಿದವು ರದ್ದು. ‘ಶಾಹಜೋಗ್’ ಹುಂಡಿಯಾದರಂತೂ ಪೇಟೆಯಲ್ಲಿ ಹೆಸರುಳ್ಳ ವರ್ತಕನೇ ಬಂದು ಕೇಳಬೇಕು, ಕಾಗದ ಹಿಡಿದು ಬಂದ ದಾರಿಹೋಕನಿಗೆ ಬಿಡಿಗಾಸೂ ಸಿಗದು. ಇಂದಿನ ಸಾಫ್ಟ್‌ವೇರ್‌ನವರು ಚೆಕ್‌ಸಮ್, ಬ್ಯಾಕಪ್, ಅಥೆಂಟಿಕೇಶನ್ ಎನ್ನುವುದೆಲ್ಲ ಇಲ್ಲಿ ಶಾಯಿ, ಕಾಗದದಲ್ಲೇ ನಡೆದುಹೋಗಿತ್ತು.

ಅಂಗಾಡಿಯಾಗಳದ್ದು ಇನ್ನೂ ಸರಳ. ಸೂರತ್, ಅಹಮದಾಬಾದ್, ಮುಂಬೈಗಳ ನಡುವೆ ವಜ್ರ, ಚಿನ್ನ, ನಗದು ಸಾಗಿಸುವ ಈ ಖಾಸಗಿ ಕೊರಿಯರ್‌ಗಳ ವ್ಯವಹಾರದಲ್ಲಿ ಗುರುತಿನ ಚೀಟಿಯ ಕೆಲಸವನ್ನು ಎಷ್ಟೋ ಸಲ ಹತ್ತು ರೂಪಾಯಿಯ ನೋಟು ಮಾಡುತ್ತದೆ. ನೋಟಿನ ಸಂಖ್ಯೆ ಮೊದಲೇ ಆ ಊರಿಗೆ ತಲುಪಿರುತ್ತದೆ. ನೋಟು ತೋರಿಸಿದವನಿಗೆ ಮಾಲು. ಒಂದು ಸಂಖ್ಯೆ, ಒಂದು ಸಲ, ಒಬ್ಬ ಮನುಷ್ಯ. (ಕಪ್ಪುಹಣದವರಿಗೂ ಇದೇ ಉಪಾಯ ಒಗ್ಗಿತು ಎಂಬುದನ್ನು ಪೊಲೀಸರು ಚೆನ್ನಾಗಿ ಬಲ್ಲರು.)

ಗುಜರಾತಿನ ಈ ಸೀಮೆಗೆ ದತ್ತಾಂಶದ ಆಧುನಿಕ ವ್ಯಾಪಾರ ಬಂದದ್ದು ವಡೋದರಾದ ಬಾಗಿಲಿನಿಂದ. ವಿಕ್ರಂ ಸಾರಾಭಾಯಿ 1960ರಲ್ಲಿ ಅಲ್ಲಿ ಆಪರೇಶನ್ಸ್ ರಿಸರ್ಚ್ ಗ್ರೂಪ್ ಕಟ್ಟಿದರು. ಔಷಧ ಅಂಗಡಿಗಳಲ್ಲಿ ಯಾವ ಕಂಪನಿಯ ಮಾತ್ರೆ ಎಷ್ಟು ಬಿಕರಿಯಾಯಿತು ಎಂದು ಲೆಕ್ಕ ತೆಗೆದು ಮಾರುವುದು ಅದರ ಹೆಸರುವಾಸಿ ಕೆಲಸ. ಪರರ ಲೆಕ್ಕವನ್ನು ಕಾಯ್ದುಕೊಂಡು ಅದರಿಂದಲೇ ಅನ್ನ ಸಂಪಾದಿಸುವ ಕಸುಬು ಅದು. ಕನ್ನಡಿಗರಿಗೆ ಸಾರಾಭಾಯಿ ಎಂದರೆ ರಾಕೆಟ್ ನೆನಪಾಗುತ್ತದೆ. ಗುಜರಾತಿನ ವ್ಯಾಪಾರಸ್ಥರಿಗೆ ಈ ಸಂಸ್ಥೆಯ ಅಂಕಿಅಂಶಗಳೂ ಅಷ್ಟೇ ಮುಖ್ಯವಾಗಿದ್ದವು.

ಲೆಕ್ಕ ಇಡುವ ಇದೇ ಕಸುಬಿನ ಜಾಡಿನಲ್ಲಿ, ಅಹಮದಾಬಾದಿನಲ್ಲಿ 1999ರಲ್ಲಿ ಹೇಮಲ್ ಪಟೇಲ್ ಎಲೈಟ್‌ಕೋರ್ ಎಂಬ ಪುಟ್ಟ ಸಾಫ್ಟ್‌ವೇರ್ ಕಂಪನಿ ತೆರೆದರು. ಇಂಟರ್ನೆಟ್ ಸೇವೆಯವರಿಗೆ ಬಿಲ್ ಹಾಕಿಕೊಡುವ ‘24ಆನ್‌ಲೈನ್’ ಅದರ ಸರಕುಗಳಲ್ಲೊಂದು. ಯಾರು, ಎಷ್ಟು ಹೊತ್ತು ಜಾಲದಲ್ಲಿದ್ದರು ಎಂಬ ಲೆಕ್ಕ ಇಟ್ಟವರಿಗೆ, ಯಾರನ್ನು ಒಳಗೆ ಬಿಡಬೇಕು ಎಂದು ನಿರ್ಧರಿಸುವ ಯಂತ್ರ ಮಾಡುವುದು ದೂರದ ಮಾತಲ್ಲ. ಹಾಗೆ ಸೈಬರೋಮ್ ಫೈರ್‌ವಾಲ್ ಬಂತು. ನೆಟ್‌ವರ್ಕ್ ಪಾಠದಲ್ಲಿ ಏಳು ಪದರಗಳಿದ್ದರೆ ಇವರು ಬಳಕೆದಾರನನ್ನೇ ಎಂಟನೆಯ ಪದರವೆಂದು ಕರೆದರು. ಶಾಹಜೋಗ್ ಹುಂಡಿಯ ನಾಡಿನಲ್ಲಿ ಈ ವಿಚಾರ ಹುಟ್ಟಿದ್ದು ಸಹಜವೇ. ಬೆಂಗಳೂರು, ಹೈದರಾಬಾದುಗಳ ಸೇವಾ ಕಂಪನಿಗಳು ಹೊರದೇಶದ ಗಿರಾಕಿಗಳ ಕೆಲಸದಲ್ಲಿ ಮುಳುಗಿದ್ದಾಗ, ತನ್ನದೇ ಹೆಸರಿನ ಪೆಟ್ಟಿಗೆಯನ್ನು ದೇಶವಿದೇಶಗಳಿಗೆ ಮಾರಿದ್ದು ಸಣ್ಣ ಸಾಧನೆಯಲ್ಲ.

ಸೈಬರೋಮ್‌ನ ಎಡವಟ್ಟು ಬಯಲಾದದ್ದು 2012ರಲ್ಲಿ. ಸುರಕ್ಷಿತ ಜಾಲತಾಣದ ಸಂಚಾರ ಬೀಗ ಹಾಕಿಕೊಂಡೇ ಸಾಗುತ್ತದೆ. ಅದರೊಳಗೆ ವೈರಸ್ ಇದೆಯೇ ಎಂದು ನೋಡಬೇಕಾದ ಫೈರ್‌ವಾಲ್, ಅಂಚೆಯವನು ಲಕೋಟೆ ಒಡೆದು ಓದಿ ಮತ್ತೆ ಅರಗು ಹಾಕಿದಂತೆ, ಪ್ರತಿ ಪುಟವನ್ನೂ ಬಿಚ್ಚಿ ತನ್ನ ಮುದ್ರೆಯೊತ್ತಿ ಮುಂದೆ ಕಳಿಸುತ್ತದೆ. ಆ ಮುದ್ರೆಯನ್ನು ನಂಬುವಂತೆ ಕಚೇರಿಯ ಕಂಪ್ಯೂಟರುಗಳಿಗೆ ಮೊದಲೇ ಹೇಳಿಟ್ಟಿರುತ್ತಾರೆ. ಜೋರ್ಡನ್ನಿನ ಒಬ್ಬ ಬಳಕೆದಾರನಿಗೆ ಗುರುತು ಬಿಟ್ಟುಕೊಡದೆ ಜಾಲ ಬಳಸಲು ನೆರವಾಗುವ ಟಾರ್ ಯೋಜನೆಯ ತಾಣದ ಮೇಲೆ ಸೈಬರೋಮ್ ಮುದ್ರೆ ಕಾಣಿಸಿತು. ಟಾರ್‌ನವರು ಹುಡುಕಿ ನೋಡಿದರೆ, ಬೇರೆ ಬೇರೆ ಗಿರಾಕಿಗಳ ಪೆಟ್ಟಿಗೆಗಳಲ್ಲೆಲ್ಲ ಇದ್ದದ್ದು ಒಂದೇ ಮುದ್ರೆ, ಅದರ ಹಿಂದೆ ಒಂದೇ ಖಾಸಗಿ ಕೀಲಿ! ಒಂದು ಪೆಟ್ಟಿಗೆಯಿಂದ ಕೀಲಿ ತೆಗೆದವನು, ಅದೇ ಮುದ್ರೆಯನ್ನು ನಂಬುವ ಎಲ್ಲರ ಸಂಚಾರದ ನಡುವೆ ನಿಲ್ಲಬಹುದಿತ್ತು. ಕೀಲಿಯನ್ನು ಹೊರತೆಗೆಯಲಾಗದು ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಕೆಲವೇ ದಿನಗಳಲ್ಲಿ ಯಾರೋ ಅನಾಮಿಕರು ಅದನ್ನು ಹೊರತೆಗೆದು ಬಹಿರಂಗಪಡಿಸಿದರು. ಆಮೇಲೆ ಕಂಪನಿ ತುರ್ತು ತಿದ್ದುಪಡಿ ಕಳಿಸಿ, ಪೆಟ್ಟಿಗೆಗೊಂದು ಕೀಲಿ ಹುಟ್ಟುವಂತೆ ಮಾಡಿತು.

ಇದರಲ್ಲಿ ದುರುದ್ದೇಶ ಹುಡುಕಬೇಕಿಲ್ಲ. ಒಂದು ಯಂತ್ರ ಸಿದ್ಧಮಾಡಿ ಅದರ ನಕಲನ್ನೇ ಎಲ್ಲರಿಗೂ ಕಳಿಸುವುದು ಸಣ್ಣ ತಂಡಗಳ ಹಳೆಯ ಚಾಳಿ. ಪ್ರತಿ ಗಿರಾಕಿಗೆ ಹೊಸ ಕೀಲಿ ಎಂದರೆ ಕೆಲಸ ಹೆಚ್ಚು. ಆದರೂ ನೋಟಿನ ಸಂಖ್ಯೆಯನ್ನು ಎರಡನೇ ಸಲ ಬಳಸದ ಅಂಗಾಡಿಯಾ ಈ ತಪ್ಪನ್ನು ಮಾಡುತ್ತಿರಲಿಲ್ಲ.

ಬ್ರಿಟನ್ನಿನ ಸೈಬರ್ ಸುರಕ್ಷಾ ಕಂಪನಿ ಸೋಫೋಸ್ 2014ರಲ್ಲಿ ಸೈಬರೋಮ್ ಅನ್ನು ಕೊಂಡಿತು. ಮಾರನೇ ವರ್ಷ ಎಲೈಟ್‌ಕೋರ್‌ನ ಟೆಲಿಕಾಂ ಭಾಗ ಸ್ಟರ್ಲೈಟ್ ಕಂಪನಿಯ ಪಾಲಾಯಿತು. ಸೈಬರೋಮ್‌ನ ಅಹಮದಾಬಾದ್ ಕಚೇರಿ ಮಾತ್ರ ಉಳಿಯಿತು. ಇತಿಹಾಸದ ಮುಂದಿನ ಅಧ್ಯಾಯ ಅಲ್ಲಿಯೇ, ತೀರಾ ಬಡಪಾಯಿ ಯಂತ್ರವೊಂದರಲ್ಲಿ ಶುರುವಾಯಿತು. 2018ರ ಡಿಸೆಂಬರ್ 4ರಂದು, ಕಚೇರಿಯಲ್ಲಿ ಎತ್ತರಕ್ಕೆ ತೂಗುಹಾಕಿದ್ದ ವಿಡಿಯೊ ಪರದೆಯನ್ನು ಓಡಿಸುವ ಕಂಪ್ಯೂಟರು ಇದ್ದಕ್ಕಿದ್ದಂತೆ ಒಳಜಾಲವನ್ನು ತಡಕಾಡತೊಡಗಿತು. ಅಗ್ಗದ ಮಾಲ್‌ವೇರ್ ಇರಬೇಕು ಎಂದುಕೊಂಡು ಕೆದಕಿದವರಿಗೆ ಸಿಕ್ಕಿದ್ದು ‘ಕ್ಲೌಡ್ ಸ್ನೂಪರ್’ ಎಂಬ, ಯಂತ್ರದ ಆಳದಲ್ಲಿ ಅಡಗಿ ಕೂರುವ, ನುರಿತ ಕೈಗಳ ರೂಟ್‌ಕಿಟ್. ದಾಳಿಕೋರರು ಅಲ್ಲಿಂದ ಅಮೆಜಾನ್ ಕ್ಲೌಡ್‌ವರೆಗೆ ದಾರಿ ಮಾಡಿಕೊಂಡಿದ್ದರು. ಕೋಡ್ ಇರುವ ಸರ್ವರಿಗೆ ಕಾವಲು ಹಾಕುವವರು ಪರದೆಯ ಹಿಂದಿನ ಡಬ್ಬಿಯನ್ನು ಕಂಪ್ಯೂಟರ್ ಎಂದೇ ಎಣಿಸುವುದು ಅಪರೂಪ.

2020ರ ಏಪ್ರಿಲ್‌ನಲ್ಲಿ, ಸೈಬರೋಮ್ ತಳಹದಿಯ ಮೇಲೆ ಕಟ್ಟಿದ್ದ ಸೋಫೋಸ್ ಎಕ್ಸ್‌ಜಿ ಫೈರ್‌ವಾಲ್‌ಗಳ ಮೇಲೆಯೇ ದಾಳಿ ನಡೆಯಿತು. ದತ್ತಾಂಶದ ಕಣಜಕ್ಕೆ ಕಳ್ಳ ಆದೇಶ ತೂರಿಸಲು ಬಿಡುವ, ಎಸ್‌ಕ್ಯೂಎಲ್ ಇಂಜೆಕ್ಷನ್ ಎಂಬ ಹಳೇ ದೋಷವೇ ಬಾಗಿಲಾಗಿತ್ತು. ಸುಮಾರು 81,000 ಫೈರ್‌ವಾಲ್‌ಗಳಿಗೆ ಕನ್ನ ಹಾಕಲಾಯಿತೆಂದು ಅಮೆರಿಕ 2024ರ ಡಿಸೆಂಬರ್‌ನಲ್ಲಿ ಚೀನಾದ ಪ್ರಜೆಯೊಬ್ಬನ ಮೇಲೆ ಆರೋಪ ಹೊರಿಸಿ, ಅವನು ದುಡಿಯುತ್ತಿದ್ದ ಸಿಚುವಾನ್ ಸೈಲೆನ್ಸ್ ಕಂಪನಿಯ ಮೇಲೂ ನಿರ್ಬಂಧ ಹೇರಿತು. ಅಹಮದಾಬಾದ್ ಪರದೆಯ ಕಥೆಯನ್ನು ಸೋಫೋಸ್ ತಾನಾಗಿ ಜಗತ್ತಿಗೆ ಬಿಚ್ಚಿಟ್ಟದ್ದು ಅದಕ್ಕೆ ಕೆಲವೇ ವಾರಗಳ ಹಿಂದೆ. ತಡವಾಯಿತು, ನಿಜ. ಆದರೂ ತನ್ನ ಮನೆಯ ಕಳವನ್ನು ಇಷ್ಟು ವಿವರವಾಗಿ ಬರೆದುಕೊಂಡ ಕಂಪನಿಗಳು ಬೆರಳೆಣಿಕೆಯಷ್ಟು.

ಇಂದು ಅಹಮದಾಬಾದಿನ ವರ್ತಕರು ದೀಪಾವಳಿಯ ಚೋಪಡಾ ಪೂಜೆಯಲ್ಲಿ ಕೆಂಪು ರಟ್ಟಿನ ಲೆಕ್ಕದ ಪುಸ್ತಕದ ಪಕ್ಕ ಲ್ಯಾಪ್‌ಟಾಪನ್ನೂ ಇಡುತ್ತಾರೆ. ಕಾನೂನೂ ಬಿಗಿಯಾಗಿದೆ. ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿತು. ಸಣ್ಣ ಉದ್ದಿಮೆಗಳಿಗೆ ಸಿಕ್ಕಿದ್ದು ಅದೇ ವರ್ಷದ ಸೆಪ್ಟೆಂಬರ್ 25ರವರೆಗಿನ ಗಡುವು ಮಾತ್ರ. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಹತ್ತು ಜನರ ಸಾಫ್ಟ್‌ವೇರ್ ಕಚೇರಿ ನಡೆಸುವವರು ಈ ವಾರವೇ ತಮ್ಮ ಯಂತ್ರಗಳ ಪಟ್ಟಿ ಬರೆಯಲಿ, ಅದರಲ್ಲಿ ಸಭಾಕೋಣೆಯ ಟಿವಿಯನ್ನೂ ಸೇರಿಸಲಿ.