ಡ್ಯಾಶ್‌ಬೋರ್ಡಿನ ಅಡಿಯ ಹನಿಗಳು

1981ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಪೊಲೀಸರು ಹಳದಿ ಬಣ್ಣದ ಒಂದು ಟೊರಾನಾ ಕಾರನ್ನು ವಶಕ್ಕೆ ತೆಗೆದುಕೊಂಡು ಮೂಲೆಮೂಲೆಯನ್ನೂ ಪರೀಕ್ಷೆಗೆ ಒಡ್ಡಿದರು. ಮುಂದಿನ ಸೀಟಿನಲ್ಲಿ ಕೂತವರ ಮೊಣಕಾಲಿನ ಎದುರಿಗೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಒಂದು ಲೋಹದ ತಗಡು. ಅದರ ಮೇಲೆ ಯಾವುದೋ ದ್ರವ ಚಿಮ್ಮಿ ಒಣಗಿದಂತಹ ಹನಿಗಳು. ಎಳೆಗೂಸಿನ ರಕ್ತ ಎಂದಿತು ಪ್ರಯೋಗಾಲಯ. ಆ ಮಾತನ್ನು ನಂಬಿದ ಹನ್ನೆರಡು ಜನ ಮರುವರ್ಷ ಒಬ್ಬ ತಾಯಿಯನ್ನು ಕೊಲೆಗಾರ್ತಿ ಎಂದರು. ಹನಿಗಳು ನಿಜಕ್ಕೂ ಏನಾಗಿದ್ದವು ಎಂಬುದು ಅಧಿಕೃತವಾಗಿ ದಾಖಲಾಗಲು 1987 ಬರಬೇಕಾಯಿತು.

ಕಥೆ ಶುರುವಾದದ್ದು ಆಸ್ಟ್ರೇಲಿಯಾದ ನಟ್ಟನಡುವಿನ ಮರುಭೂಮಿಯಲ್ಲಿ, ಉಲೂರು ಎಂಬ ಕೆಂಪು ಹೆಬ್ಬಂಡೆಯ ಬುಡದಲ್ಲಿ. ಆಗ ಎಲ್ಲರೂ ಅದನ್ನು ಏಯರ್ಸ್ ರಾಕ್ ಎನ್ನುತ್ತಿದ್ದರು. 1980ರ ಆಗಸ್ಟ್ 17ರ ರಾತ್ರಿ ಅಲ್ಲಿ ಡೇರೆ ಹಾಕಿದ್ದ ಪ್ರವಾಸಿಗರಲ್ಲಿ ಮೌಂಟ್ ಐಸಾ ಊರಿನ ಚೇಂಬರ್ಲೇನ್ ದಂಪತಿಯೂ ಇದ್ದರು. ಗಂಡ ಮೈಕೆಲ್, ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದ ಪಾದ್ರಿ. ಹೆಂಡತಿ ಲಿಂಡಿ. ಇಬ್ಬರು ಗಂಡುಮಕ್ಕಳು, ಒಂಬತ್ತು ವಾರದ ಹೆಣ್ಣುಕೂಸು ಅಜಾರಿಯಾ. ಕೂಸನ್ನು ಡೇರೆಯಲ್ಲಿ ಮಲಗಿಸಿ ಬಂದು ಲಿಂಡಿ ಅಡುಗೆಯ ಒಲೆಯ ಬಳಿ ಉಳಿದವರನ್ನು ಸೇರಿಕೊಂಡಳು. ಸ್ವಲ್ಪ ಹೊತ್ತಿಗೆ ಕೂಸು ಅತ್ತಂತಾಯಿತು. ನೋಡಲು ಹೋದವಳು ಡೇರೆಯ ಬಾಗಿಲಿನಿಂದ ತಲೆ ಒದರುತ್ತ ಹೊರಬರುತ್ತಿದ್ದ ಡಿಂಗೊ ಒಂದನ್ನು ಕಂಡಳು. ಡಿಂಗೊ ಎಂದರೆ ಅಲ್ಲಿಯ ಕಾಡುನಾಯಿ. ಅದು ನನ್ನ ಮಗುವನ್ನು ಕಚ್ಚಿಕೊಂಡು ಹೋಯಿತು ಎಂದು ಅವಳು ಕೂಗಿದ್ದನ್ನು ಆ ಬಯಲಿನಲ್ಲಿದ್ದ ಹಲವರು ಕೇಳಿದರು. ಆ ರಾತ್ರಿ ಸುಮಾರು ಮುನ್ನೂರು ಜನ ಟಾರ್ಚ್ ಹಿಡಿದು ಮರಳುದಿಬ್ಬಗಳಲ್ಲಿ ಹುಡುಕಿದರು. ವಾರದ ನಂತರ ಬಂಡೆಯ ಬುಡದಲ್ಲಿ ಕೂಸಿನ ಜಂಪ್‌ಸೂಟ್ ಸಿಕ್ಕಿತು, ಕತ್ತಿನ ಭಾಗದಲ್ಲಿ ರಕ್ತ. ಕೂಸು ಸಿಗಲೇ ಇಲ್ಲ.

ಹುಡುಕಿದವರಲ್ಲಿ ಆ ನೆಲದ ಮೂಲನಿವಾಸಿಗಳಾದ ಅನಂಗು ಜನರೂ ಇದ್ದರು. ಮರಳಿನ ಮೇಲೆ ಬಿದ್ದ ಹೆಜ್ಜೆ ನೋಡಿ ಯಾವ ಪ್ರಾಣಿ, ಎಷ್ಟು ಹೊತ್ತಿನ ಹಿಂದೆ, ಖಾಲಿ ಹೋಯಿತೋ ಭಾರ ಹೊತ್ತು ಹೋಯಿತೋ ಎಂದು ಹೇಳುವ ವಿದ್ಯೆ ಅವರದು. ನಿಪ್ಪರ್ ವಿನ್ಮಟ್ಟಿ, ಅವನ ಹೆಂಡತಿ ಬಾರ್ಬರಾ ಮತ್ತಿತರರು ಡೇರೆಯ ಸುತ್ತಲಿನ ಹೆಜ್ಜೆಗಳನ್ನು ಓದಿದರು. ಡಿಂಗೊ ಏನನ್ನೋ ಹೊತ್ತು ಸಾಗಿತ್ತು. ಒಂದು ಕಡೆ ಆ ಭಾರವನ್ನು ಕೆಳಗಿಟ್ಟಿದ್ದ ಗುರುತಿತ್ತು, ಅಲ್ಲಿ ಮರಳಿನ ಮೇಲೆ ಬಟ್ಟೆಯ ನೇಯ್ಗೆಯಂಥ ಅಚ್ಚು ಮೂಡಿತ್ತು. ಡಿಂಗೊಗಳು ಮನುಷ್ಯರ ಭಯ ಬಿಟ್ಟಿವೆ, ಎಳೆಯ ಮಕ್ಕಳನ್ನು ಬೇಟೆಯೆಂದು ತಿಳಿದಾವು ಎಂದು ಅಲ್ಲಿಯ ಮುಖ್ಯ ರೇಂಜರ್ ಅದಕ್ಕೂ ಮೊದಲೇ ಮೇಲಿನವರಿಗೆ ಬರೆದಿದ್ದ.

ಅಸಹಜ ಸಾವುಗಳ ವಿಚಾರಣೆ ನಡೆಸುವ ಅಧಿಕಾರಿ ಕೊರೊನರ್. ಮುಂಬೈಯ ಹಳಬರಿಗೆ ಈ ಹುದ್ದೆಯ ಪರಿಚಯವಿದ್ದೀತು, ಅಲ್ಲಿ ಕಳೆದ ಶತಮಾನದ ಕೊನೆಯವರೆಗೂ ಕೊರೊನರ್ ಇದ್ದರು. ಆಲಿಸ್ ಸ್ಪ್ರಿಂಗ್ಸ್‌ನ ಕೊರೊನರ್ ಡೆನಿಸ್ ಬ್ಯಾರಿಟ್ 1981ರ ಫೆಬ್ರವರಿಯಲ್ಲಿ, ಟಿವಿ ಕ್ಯಾಮರಾಗಳ ಎದುರಿಗೇ ತೀರ್ಮಾನ ಓದಿದ. ಕೂಸನ್ನು ಕೊಂದದ್ದು ಡಿಂಗೊ, ತಂದೆತಾಯಿ ನಿರಪರಾಧಿಗಳು. ಪೊಲೀಸರ ತನಿಖೆಯನ್ನು ಅವನು ಟೀಕಿಸಿದ. ಬಟ್ಟೆ ಸಿಕ್ಕ ರೀತಿ ನೋಡಿದರೆ ಆಮೇಲೆ ಯಾರೋ ಮನುಷ್ಯರ ಕೈ ಆಡಿದೆ ಎಂದೂ ಸೇರಿಸಿದ. ಟೀಕೆಗೊಳಗಾದ ಪೊಲೀಸರು ಸುಮ್ಮನಾಗಲಿಲ್ಲ.

ಊರ ಬಾಯಿಯಂತೂ ಮೊದಲೇ ತೆರೆದಿತ್ತು. ಅಡ್ವೆಂಟಿಸ್ಟರ ಬಗ್ಗೆ ಬಹುಪಾಲು ಜನಕ್ಕೆ ಏನೂ ಗೊತ್ತಿರಲಿಲ್ಲ, ಗೊತ್ತಿಲ್ಲದ ಜಾಗವನ್ನು ಗಾಳಿಸುದ್ದಿ ತುಂಬಿತು. ಅಜಾರಿಯಾ ಎಂಬ ಹೆಸರಿಗೆ ‘ಅರಣ್ಯದಲ್ಲಿ ಬಲಿ’ ಎಂಬ ಅರ್ಥವಂತೆ, ಕೂಸಿಗೆ ಕಪ್ಪು ಬಟ್ಟೆ ತೊಡಿಸುತ್ತಿದ್ದಳಂತೆ. ಹೆಸರಿಗೆ ಅಂಥ ಅರ್ಥವೇ ಇಲ್ಲ. ಎಲ್ಲಕ್ಕಿಂತ ದೊಡ್ಡ ದೂರು, ಟಿವಿಯಲ್ಲಿ ಅವಳು ಸಾಕಷ್ಟು ಅಳಲಿಲ್ಲ ಎನ್ನುವುದು. ಮಗು ಸತ್ತ ತಾಯಿ ಹೇಗೆ ಕಾಣಬೇಕು ಎಂಬುದಕ್ಕೆ ಎಲ್ಲ ಊರುಗಳಲ್ಲೂ ಒಂದು ಅಳತೆಗೋಲು ಇರುತ್ತದೆ.

ಬಟ್ಟೆಗಳು ಲಂಡನ್ನಿಗೆ ಹೋದವು. ಅಲ್ಲಿ ಜೇಮ್ಸ್ ಕ್ಯಾಮರಾನ್ ಎಂಬ ಹೆಸರಾಂತ ಪ್ರೊಫೆಸರ್ ಅವನ್ನು ಅತಿನೇರಳೆ ಬೆಳಕಿನಲ್ಲಿ ಪರೀಕ್ಷಿಸಿದ. ಕತ್ತಿಗೆ ಹರಿತವಾದ ಆಯುಧದಿಂದ ಗಾಯವಾಗಿದೆ, ಜಂಪ್‌ಸೂಟಿನ ಬೆನ್ನಿನ ಮೇಲೆ ರಕ್ತದ ಕೈಯಚ್ಚು ಇದೆ ಎಂದ. ಇದೇ ಕ್ಯಾಮರಾನ್ ಹಿಂದೆ ಇಂಗ್ಲೆಂಡಿನ ಕಾನ್ಫೆಟ್ ಕೊಲೆ ಪ್ರಕರಣದಲ್ಲೂ ತಜ್ಞನಾಗಿದ್ದವನು. ಅದರಲ್ಲಿ ಶಿಕ್ಷೆಗೊಳಗಾದ ಹುಡುಗರ ತೀರ್ಪು 1975ರಲ್ಲಿ ರದ್ದಾಗಿತ್ತು. ಡಿಂಗೊಗಳ ನೆಲದಿಂದ ಸಾವಿರಾರು ಮೈಲಿ ದೂರ ಕೂತು ಅವನು ಬರೆದ ವರದಿಯ ಬಲದ ಮೇಲೆ ಪ್ರಕರಣ ಮತ್ತೆ ತೆರೆಯಿತು, ಕಾರು ವಶವಾಯಿತು.

ಕಾರಿನ ಪರೀಕ್ಷೆ ಮಾಡಿದವಳು ಸಿಡ್ನಿಯ ಸರ್ಕಾರಿ ಪ್ರಯೋಗಾಲಯದ ಜೋಯ್ ಕುಲ್. ಮೊದಲ ಹಂತದಲ್ಲಿ ಬಳಸಿದ್ದು ಆರ್ಥೋ-ಟಾಲಿಡಿನ್ ಎಂಬ ರಾಸಾಯನಿಕ. ರಕ್ತ ತಗುಲಿದರೆ ಅದು ನೀಲಿಯಾಗುತ್ತದೆ. ತೊಡಕೆಂದರೆ ರಕ್ತವಲ್ಲದ ಹಲವು ವಸ್ತುಗಳಿಗೂ ನೀಲಿಯಾಗುತ್ತದೆ, ತಾಮ್ರ ಅವುಗಳಲ್ಲಿ ಒಂದು. ಚೇಂಬರ್ಲೇನರ ಊರಾದ ಮೌಂಟ್ ಐಸಾ ಆಗ ಬದುಕುತ್ತಿದ್ದದ್ದೇ ತಾಮ್ರದ ಗಣಿಯಿಂದ. ಅಲ್ಲಿ ಓಡಾಡಿದ ಕಾರಿನ ಸಂದಿಗೊಂದಿಯಲ್ಲಿ ಅದಿರಿನ ಧೂಳು ಇರದಿದ್ದರೇ ಆಶ್ಚರ್ಯ. ಹಾಗಾಗಿ ನೀಲಿ ಬಣ್ಣದಿಂದ ತಿಳಿಯುತ್ತಿದ್ದದ್ದು ಇಷ್ಟೇ: ಇಲ್ಲಿ ರಕ್ತ ಇರಬಹುದು.

ಎರಡನೆಯ ಹಂತ ಇನ್ನೂ ಸೂಕ್ಷ್ಮ. ಗರ್ಭದಲ್ಲಿರುವ ಮಗುವಿನ ಹಿಮೋಗ್ಲೋಬಿನ್ ದೊಡ್ಡವರದ್ದಕ್ಕಿಂತ ಬೇರೆ ಬಗೆಯದು. ಹುಟ್ಟಿದ ಮೇಲೆ ಅದು ಕ್ರಮೇಣ ಕಡಿಮೆಯಾಗುತ್ತ ಆರು ತಿಂಗಳ ಹೊತ್ತಿಗೆ ಬಹುತೇಕ ಇಲ್ಲವಾಗುತ್ತದೆ. ಕಾರಿನಲ್ಲಿ ಈ ಭ್ರೂಣ ಹಿಮೋಗ್ಲೋಬಿನ್ ಸಿಕ್ಕರೆ ಅದು ಎಳೆಗೂಸಿನ ರಕ್ತವೇ ಆಗಬೇಕು. ಅದನ್ನು ಗುರುತಿಸಲು ಒಂದು ಪ್ರತಿಸೀರಮ್ ಬೇಕು, ಅದು ಭ್ರೂಣ ಹಿಮೋಗ್ಲೋಬಿನ್‌ಗೆ ಮಾತ್ರ ಸ್ಪಂದಿಸಬೇಕು. ಜರ್ಮನ್ ಕಂಪನಿಯೊಂದರ ಪ್ರತಿಸೀರಮ್ ಬಳಸಿ ಕುಲ್ ಸಕಾರಾತ್ಮಕ ಫಲಿತಾಂಶ ಪಡೆದಳು. ತಗಡಿನ ಮೇಲಿನ ಹನಿಗಳು ಕತ್ತಿನಿಂದ ಚಿಮ್ಮಿದ ಕೂಸಿನ ರಕ್ತವಾದವು. ಸರ್ಕಾರದ ಕಥೆ ಈಗ ಪೂರ್ಣವಾಯಿತು. ಲಿಂಡಿ ಕೆಲವೇ ನಿಮಿಷಗಳಲ್ಲಿ ಕಾರಿನ ಮುಂದಿನ ಸೀಟಿನಲ್ಲಿ ಕತ್ತರಿಯಿಂದ ಕೂಸಿನ ಕತ್ತು ಕೊಯ್ದು, ದೇಹವನ್ನು ಕ್ಯಾಮರಾ ಬ್ಯಾಗಿನಲ್ಲಿ ಅಡಗಿಸಿ, ಒಲೆಯ ಬಳಿ ಬಂದು ಕೂತಳು. ಯಾಕೆ? ಕಾರಣವನ್ನು ಸರ್ಕಾರಿ ವಕೀಲರು ಕೊನೆಯವರೆಗೂ ಹೇಳಲಿಲ್ಲ.

1982ರ ಸೆಪ್ಟೆಂಬರಿನಲ್ಲಿ ಡಾರ್ವಿನ್ ನಗರದಲ್ಲಿ ವಿಚಾರಣೆ ಶುರುವಾದಾಗ ಲಿಂಡಿ ತುಂಬು ಬಸುರಿ. ಪ್ರತಿವಾದಿಗಳ ಪರವಾಗಿ ಬಂದ ಜೀವಶಾಸ್ತ್ರಜ್ಞ ಬ್ಯಾರಿ ಬೆಟ್ಚರ್, ಆ ಪ್ರತಿಸೀರಮ್ ದೊಡ್ಡವರ ರಕ್ತಕ್ಕೂ ಸ್ಪಂದಿಸುತ್ತದೆ, ಹಾಗಾಗಿ ಈ ಫಲಿತಾಂಶ ನಂಬಲಾಗದು ಎಂದ. ಅವನ ಮಾತು ಸರಿಯೋ ಕುಲ್ ಮಾತು ಸರಿಯೋ ನೋಡಲು ಮೂಲ ಪರೀಕ್ಷೆಯ ಗಾಜಿನ ಫಲಕಗಳು ಬೇಕಿತ್ತು. ಅವನ್ನು ಆಗಲೇ ಬಿಸಾಡಲಾಗಿತ್ತು, ಅದು ಪ್ರಯೋಗಾಲಯದ ರೂಢಿಯಾಗಿತ್ತು. ಈ ಇಡೀ ಪ್ರಕರಣದಲ್ಲಿ ಅತಿ ಕ್ಷಮಿಸಲಾಗದ ಸಂಗತಿ ಇದೇ ಇರಬೇಕು. ಪರೀಕ್ಷೆ ತಪ್ಪಾಗುವುದು ಮನುಷ್ಯಸಹಜ. ತಪ್ಪಾಗಿದೆಯೇ ಎಂದು ಇನ್ನೊಬ್ಬರು ನೋಡುವ ದಾರಿಯನ್ನೇ ರೂಢಿಯ ಹೆಸರಿನಲ್ಲಿ ಮುಚ್ಚಿದ ಮೇಲೆ ಉಳಿದದ್ದು ಒಬ್ಬರ ಮಾತಿಗೆ ಇನ್ನೊಬ್ಬರ ಮಾತು. ಪ್ರತಿಸೀರಮ್ ಎಂಬ ಪದವನ್ನೇ ಹೊಸದಾಗಿ ಕೇಳಿದ ಜೂರಿಯವರು ಅವೆರಡರಲ್ಲಿ ಒಂದನ್ನು ಆರಿಸಬೇಕಿತ್ತು.

ನ್ಯಾಯಾಧೀಶ ಮ್ಯೂರ್‌ಹೆಡ್ ಜೂರಿಗೆ ಹೇಳಿದ ಕೊನೆಯ ಮಾತುಗಳು ಬಿಡುಗಡೆಯ ಕಡೆಗೇ ವಾಲಿದ್ದವು ಎಂದು ಕೇಳಿದವರು ಅಂದುಕೊಂಡರು. ಆದರೆ ಅಕ್ಟೋಬರ್ 29ರಂದು ಒಂಬತ್ತು ಗಂಡಸರು, ಮೂವರು ಹೆಂಗಸರ ಜೂರಿ ಅಪರಾಧಿ ಎಂದಿತು. ಲಿಂಡಿಗೆ ಕಠಿಣ ದುಡಿಮೆಯೊಂದಿಗೆ ಜೀವಾವಧಿ. ಸಹಾಯ ಮಾಡಿದನೆಂದು ಮೈಕೆಲ್‌ಗೆ ಅಮಾನತಿನಲ್ಲಿಟ್ಟ ಶಿಕ್ಷೆ. ನವೆಂಬರಿನಲ್ಲಿ ಕೈದಿಯಾಗಿಯೇ ಲಿಂಡಿ ಹೆಣ್ಣುಮಗು ಹೆತ್ತಳು. ಮೇಲ್ಮನವಿಗೆಂದು ಜಾಮೀನು ಸಿಕ್ಕಿ ಕೆಲವು ತಿಂಗಳು ಹೊರಗಿದ್ದಳು. 1983ರ ಏಪ್ರಿಲ್‌ನಲ್ಲಿ ಫೆಡರಲ್ ಕೋರ್ಟು ಮನವಿಯನ್ನು ತಳ್ಳಿಹಾಕಿತು, ಮತ್ತೆ ಜೈಲು.

ಮುಂದಿನ ಮನವಿ ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ. 1984ರ ಫೆಬ್ರವರಿಯಲ್ಲಿ ಬಂದ ತೀರ್ಪು ಓದುವಾಗ ತಬ್ಬಿಬ್ಬಾಗುತ್ತದೆ. ಮುಖ್ಯ ನ್ಯಾಯಮೂರ್ತಿ ಗಿಬ್ಸ್ ಮತ್ತು ನ್ಯಾಯಮೂರ್ತಿ ಮೇಸನ್, ತಜ್ಞರು ಇಷ್ಟು ಗಟ್ಟಿಯಾಗಿ ಭಿನ್ನಾಭಿಪ್ರಾಯ ಹೊಂದಿರುವಾಗ ಕಾರಿನಲ್ಲಿದ್ದದ್ದು ಕೂಸಿನ ರಕ್ತವೆಂದು ಜೂರಿ ತೀರ್ಮಾನಿಸುವುದು ಸುರಕ್ಷಿತವಲ್ಲ ಎಂದು ಒಪ್ಪಿದರು. ಒಪ್ಪಿಯೂ, ಉಳಿದ ಸಾಕ್ಷ್ಯ ಸಾಕು ಎಂದರು. ಬ್ರೆನನ್ ಕೂಡ ಮನವಿ ತಿರಸ್ಕರಿಸಿದರು. ಮರ್ಫಿ ಮತ್ತು ಡೀನ್, ಈ ಶಿಕ್ಷೆ ನಿಲ್ಲುವುದಿಲ್ಲ ಎಂದು ಬೇರೆಯಾಗಿ ಬರೆದರು. ಮೂರಕ್ಕೆ ಎರಡು. ಕಥೆಯ ತೊಲೆಯೇ ಅಲ್ಲಾಡಿದರೂ ಮಾಳಿಗೆ ಬೀಳಲಿಲ್ಲ. ಕೋರ್ಟುಗಳ ಬಾಗಿಲು ಅಲ್ಲಿಗೆ ಮುಚ್ಚಿತು.

ಹೊರಗೆ ಕೆಲವರು ಮುಚ್ಚಲು ಬಿಡಲಿಲ್ಲ. ವಿಜ್ಞಾನಿಗಳು ಪರೀಕ್ಷೆಗಳನ್ನು ತಾವೇ ಮಾಡಿನೋಡಿದರು. ಅದೇ ಮಾದರಿಯ ಇನ್ನೊಂದು ಟೊರಾನಾದಲ್ಲೂ ಡ್ಯಾಶ್‌ಬೋರ್ಡಿನ ಅಡಿ ಅಂಥದೇ ಹನಿಗಳು ಸಿಕ್ಕವು. ಆ ಕಾರಿನಲ್ಲಿ ಯಾವ ಕೂಸೂ ಸತ್ತಿರಲಿಲ್ಲ. ಕಾರ್ಖಾನೆಯಲ್ಲಿ ಸದ್ದು ತಗ್ಗಿಸಲು ಚಕ್ರದ ಮೇಲ್ಭಾಗಕ್ಕೆ ಸಿಂಪಡಿಸುತ್ತಿದ್ದ ಟಾರಿನಂಥ ಲೇಪ ತೂತಿನ ಮೂಲಕ ಒಳಗೂ ಚಿಮ್ಮುತ್ತಿತ್ತು.

ಆದರೂ ಜೈಲಿನ ಬಾಗಿಲು ತೆರೆದದ್ದು ವಿಜ್ಞಾನವಲ್ಲ, ಆಕಸ್ಮಿಕ. 1986ರ ಆರಂಭದಲ್ಲಿ ಇಂಗ್ಲೆಂಡಿನ ಪ್ರವಾಸಿಯೊಬ್ಬ ಉಲೂರುವಿನಿಂದ ಬಿದ್ದು ಸತ್ತ. ಅವನ ದೇಹ ಹುಡುಕುತ್ತಿದ್ದವರಿಗೆ ಡಿಂಗೊಗಳು ಓಡಾಡುವ ಜಾಗದಲ್ಲಿ, ಅರ್ಧ ಹೂತುಹೋದ ಪುಟ್ಟ ಹೆಣಿಗೆಯ ಕೋಟು ಸಿಕ್ಕಿತು. ಜಂಪ್‌ಸೂಟಿನ ಮೇಲೆ ಡಿಂಗೊದ ಜೊಲ್ಲು ಯಾಕಿಲ್ಲ ಎಂದು ಕೇಳಿದಾಗಲೆಲ್ಲ, ಅದರ ಮೇಲೆ ಇನ್ನೊಂದು ಕೋಟು ತೊಡಿಸಿದ್ದೆ ಎಂದು ಲಿಂಡಿ ಹೇಳುತ್ತಲೇ ಬಂದಿದ್ದಳು. ಕೋರ್ಟಿನಲ್ಲಿ ಅದು ಸುಳ್ಳೆನಿಸಿಕೊಂಡಿತ್ತು. ಕೋಟು ಸಿಕ್ಕ ಐದನೆಯ ದಿನ, ಫೆಬ್ರವರಿ 7ರಂದು, ಅವಳ ಬಿಡುಗಡೆಯಾಯಿತು.

ನಂತರ ನ್ಯಾಯಮೂರ್ತಿ ಟ್ರೆವರ್ ಮಾರ್ಲಿಂಗ್ ಅವರ ರಾಯಲ್ ಕಮಿಷನ್ ಎಲ್ಲವನ್ನೂ ಮತ್ತೆ ಮೊದಲಿನಿಂದ ನೋಡಿತು. ಮೌಂಟ್ ಐಸಾದ ತಾಮ್ರದ ಧೂಳು ಆರ್ಥೋ-ಟಾಲಿಡಿನ್ ಪರೀಕ್ಷೆಯಲ್ಲಿ ಚೆನ್ನಾಗಿಯೇ ನೀಲಿಯಾಯಿತು. ತಗಡಿನ ಹನಿಗಳು ಸದ್ದು ತಗ್ಗಿಸುವ ಲೇಪವೆಂದು ದೃಢಪಟ್ಟಿತು. ಕಾರಿನಲ್ಲಿ ಅಲ್ಪಸ್ವಲ್ಪ ರಕ್ತ ಇದ್ದಿದ್ದರೂ, 1979ರಲ್ಲಿ ತಲೆಗೆ ಗಾಯವಾಗಿ ರಕ್ತ ಸೋರುತ್ತಿದ್ದ ಒಬ್ಬನನ್ನು ದಂಪತಿ ಅದೇ ಕಾರಿನಲ್ಲಿ ಕರೆದೊಯ್ದಿದ್ದರು. ಕತ್ತರಿಯಿಂದ ಮಾತ್ರ ಸಾಧ್ಯ ಎಂದ ಬಟ್ಟೆಯ ಕಡಿತವನ್ನು ಡಿಂಗೊದ ಹಲ್ಲೂ ಮಾಡಬಲ್ಲದು ಎಂದಾಯಿತು. ಲಂಡನ್ನಿನಲ್ಲಿ ಕಂಡ ರಕ್ತದ ಕೈಯಚ್ಚು? ಜಂಪ್‌ಸೂಟಿನ ಮೇಲೆ ರಕ್ತವೆಂದುಕೊಂಡದ್ದರಲ್ಲಿ ಬಹುಪಾಲು ಮರುಭೂಮಿಯ ಕೆಂಪು ಮರಳು.

ಆ ಮರಳನ್ನು ಮೊದಲ ರಾತ್ರಿಯೇ ಓದಿದವರೂ ಕಮಿಷನ್ನಿನ ಮುಂದೆ ಬಂದರು. ಬಾರ್ಬರಾ ದುಭಾಷಿಯ ಮೂಲಕ ತಾನು ಕಂಡ ಹೆಜ್ಜೆಗಳನ್ನು ವಿವರಿಸಿದಳು. ಪಾಟೀಸವಾಲಿಗೆ ಅವಳು ಜಗ್ಗಲಿಲ್ಲ. ಪ್ರೊಫೆಸರರ ಅಚ್ಚು ಕರಗಿಹೋದ ಮೇಲೂ ಅವಳ ಹೆಜ್ಜೆಗುರುತು ನಿಂತಿತ್ತು.

ಈ ಸಾಕ್ಷ್ಯ ಅಂದೇ ಇದ್ದಿದ್ದರೆ ಬಿಡುಗಡೆ ಮಾಡುವಂತೆ ಜೂರಿಗೆ ಸೂಚಿಸುವುದು ನ್ಯಾಯಾಧೀಶರ ಕರ್ತವ್ಯವಾಗುತ್ತಿತ್ತು ಎಂದು ಮಾರ್ಲಿಂಗ್ 1987ರಲ್ಲಿ ಬರೆದರು. ಸರ್ಕಾರ ದಂಪತಿಗೆ ಕ್ಷಮಾದಾನ ನೀಡಿತು. ಮಾಡದ ತಪ್ಪಿಗೆ ಯಾವ ಕ್ಷಮೆ? ತೀರ್ಪೇ ರದ್ದಾಗಬೇಕೆಂದು ಅವರು ಪಟ್ಟು ಹಿಡಿದರು. ಅದಕ್ಕಾಗಿ ಕಾನೂನನ್ನೇ ಬದಲಿಸಬೇಕಾಯಿತು. 1988ರ ಸೆಪ್ಟೆಂಬರ್ 15ರಂದು ಕೋರ್ಟು ಎರಡೂ ಶಿಕ್ಷೆಗಳನ್ನು ಅಳಿಸಿತು. 1992ರಲ್ಲಿ 13 ಲಕ್ಷ ಡಾಲರ್ ಪರಿಹಾರ ಸಿಕ್ಕಿತು.

ಸಾವಿನ ಕಾರಣದ ಕಾಲಂ ಮಾತ್ರ ತೀರ್ಮಾನವಾಗದೆ ಉಳಿದಿತ್ತು. 1995ರ ಮೂರನೆಯ ಕೊರೊನರ್ ವಿಚಾರಣೆ ಯಾವ ಕಡೆಗೂ ಹೇಳದೆ ಮುಗಿಯಿತು. ಡಿಂಗೊ ಮಗುವನ್ನು ಕೊಲ್ಲುತ್ತದೆಯೇ ಎಂಬ ಹಳೆಯ ಕುಹಕಕ್ಕೆ 2001ರಲ್ಲಿ ಫ್ರೇಸರ್ ದ್ವೀಪದಲ್ಲಿ ಒಂಬತ್ತು ವರ್ಷದ ಹುಡುಗನ ಸಾವು ಉತ್ತರಿಸಿತು. 2012ರ ಜೂನ್ 12ರಂದು ಕೊರೊನರ್ ಎಲಿಜಬೆತ್ ಮೋರಿಸ್, ಅಜಾರಿಯಾ ಸತ್ತದ್ದು ಡಿಂಗೊ ಕಚ್ಚಿಕೊಂಡು ಹೋದದ್ದರಿಂದ ಎಂದು ತೀರ್ಪಿತ್ತು, ತಂದೆತಾಯಿಗೆ ತಮ್ಮ ಸಂತಾಪ ಹೇಳಿದರು. ಆ ಹೊತ್ತಿಗೆ ಇಬ್ಬರೂ ವಿಚ್ಛೇದನ ಪಡೆದು ಎರಡು ದಶಕವಾಗಿತ್ತು. ಮರಣಪತ್ರ ತಿದ್ದಿ ಬರೆಯಲಾಯಿತು. ಅದನ್ನು ಇಸಿದುಕೊಳ್ಳಲು ಇಬ್ಬರೂ ಡಾರ್ವಿನ್‌ಗೆ ಬಂದಿದ್ದರು.

ಹಳದಿ ಟೊರಾನಾ ಈಗ ಕ್ಯಾನ್‌ಬೆರಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸೊತ್ತು.