ಬೀದರ್ ಹತ್ತಿರ, ಪೆರ್ಲ ದೂರ

ಬೆಂಗಳೂರಿನಿಂದ ಬಲ್ಮಠಕ್ಕೆ ಮನೆ ಶಿಫ್ಟ್ ಮಾಡಿದ ದಿನ. ರಾತ್ರಿಯಿಡೀ ಶಿರಾಡಿ ಘಾಟಿ ಇಳಿದು ಬಂದ ಲಾರಿ ಬೆಳಿಗ್ಗೆ ಆರಕ್ಕೆಲ್ಲ ನಮ್ಮ ಅಪಾರ್ಟ್‌ಮೆಂಟ್ ಗೇಟಿನೆದುರು ನಿಂತಿತ್ತು. ಸಹಾಯಕ್ಕೆ ಅಂತ ವಿಟ್ಲದ ಆಚೆಯ ನಮ್ಮೂರಿನಿಂದ ಚಿಕ್ಕಪ್ಪ ಬಂದಿದ್ದರು. ಮೂವತ್ತು ವರ್ಷ ಲಾರಿ ಓಡಿಸಿದವರು. ಫ್ರಿಜ್ಜು, ಮಂಚದ ಕಡೆ ಕಣ್ಣೂ ಹಾಕದೆ ಲಾರಿಯ ಮುಂದೆ ಹೋಗಿ ನಿಂತು, "ಎನ್.ಪಿ. ಇಲ್ವಲ್ಲ ಇದಕ್ಕೆ?" ಅಂದರು.

ಡ್ರೈವರ್ ಹಾಸನದ ಕಡೆಯ ಹುಡುಗ. "ಇಲ್ಲ ಯಜಮಾನ್ರೇ, ಸ್ಟೇಟ್ ಪರ್ಮಿಟ್ಟು. ಗಾಡಿ ಹಳೇದು" ಅಂದ. ವಾಪಸ್ ಹೋಗುವಾಗ ಖಾಲಿ ಹೋಗಬಾರದಲ್ವಾ, ಚಿಕ್ಕಪ್ಪ ತಮ್ಮ ಪರಿಚಯದವರಿಗೆ ಫೋನ್ ಮಾಡಿ ಕಾಸರಗೋಡಿಗೆ ಒಂದು ಲೋಡ್ ಇದೆ ಅಂತ ಹೇಳಿದರು. ಬಲ್ಮಠದಿಂದ ಕಾಸರಗೋಡು ಹೆಚ್ಚೆಂದರೆ 50 ಕಿ.ಮೀ. ಹುಡುಗ ತಲೆ ಅಲ್ಲಾಡಿಸಿದ. ಮಧ್ಯಾಹ್ನದ ಹೊತ್ತಿಗೆ ಅವನಿಗೆ ಪಣಂಬೂರಿನಿಂದ ಬಳ್ಳಾರಿಗೆ ಗೊಬ್ಬರದ ಲೋಡ್ ಸಿಕ್ಕಿತು. 400 ಕಿ.ಮೀ. ಆಸುಪಾಸು. ಖುಷಿಯಾಗಿ ಹೋದ.

50 ಕಿ.ಮೀ. ಆಗಲ್ಲ, 400 ಆಗ್ತದೆ. ಬೇಕಿದ್ದರೆ ಬೀದರ್ ತನಕವೂ ಆಗ್ತದೆ. ಈ ವಿಚಿತ್ರ ನನಗೆ ಹೊಸದಲ್ಲ, ಸಣ್ಣವನಿದ್ದಾಗಲೇ ಕಣ್ಣಾರೆ ನೋಡಿದ್ದೆ. ಆ ಕತೆಗೆ ಆಮೇಲೆ ಬರುತ್ತೇನೆ. ಮೊದಲು ಈ ಪರ್ಮಿಟ್ ಅನ್ನೋದು ಎಲ್ಲಿಂದ ಬಂತು ಅಂತ ನೋಡೋಣ.

ಸಾರಿಗೆ ಇಲಾಖೆಯ ಕನ್ನಡದಲ್ಲಿ ಪರ್ಮಿಟ್‌ಗೆ 'ರಹದಾರಿ' ಅಂತಾರೆ. ಹಳೇ ಪಾರ್ಸಿ ಶಬ್ದ. ಮೊಘಲರ ಕಾಲದಲ್ಲಿ ದಾರಿಯ ಸುಂಕಕ್ಕೇ ಆ ಹೆಸರಿತ್ತು. ಸುಂಕದವನ ಹತ್ತಿರ ಸುಖ ದುಃಖ ಹೇಳಿಕೊಂಡ ಹಾಗೆ ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಮೋಟಾರು ಗಾಡಿಗೆ ರಹದಾರಿ ಬಂದದ್ದು ತಡವಾಗಿ. 1914ರ ಮೊದಲ ಮೋಟಾರು ವಾಹನ ಕಾಯ್ದೆಯ ಚಿಂತೆಯೆಲ್ಲ ಗಾಡಿಯ ನೋಂದಣಿ, ಡ್ರೈವರ್ ಲೈಸೆನ್ಸ್ ಇಷ್ಟೇ. ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿ, ಅಂದರೆ ಹಿರಿಯರ ಬಾಯಲ್ಲಿ ಈಗಲೂ ಇರುವ ಸಿ.ಪಿ.ಸಿ., ಶುರುವಾದದ್ದೂ ಅದೇ ವರ್ಷ.

ಮುಂದಿನ ಇಪ್ಪತ್ತು ವರ್ಷದಲ್ಲಿ ಲಾರಿ, ಬಸ್ಸುಗಳು ಹೆಚ್ಚಾಗಿ ರೈಲಿನ ಗಿರಾಕಿಗಳನ್ನು ಎಳೆದುಕೊಳ್ಳತೊಡಗಿದವು. ರೈಲಿನಲ್ಲಿ ಹಾಕಿದ ದುಡ್ಡು ಸರಕಾರದ್ದು, ಲಂಡನ್ನಿನ ಸಾಲಗಾರರದ್ದು. ಮಿಚೆಲ್ ಮತ್ತು ಕಿರ್ಕ್‌ನೆಸ್ ಅನ್ನುವ ಇಬ್ಬರು ಅಧಿಕಾರಿಗಳಿಂದ ರಸ್ತೆ ಮತ್ತು ರೈಲಿನ ಪೈಪೋಟಿಯ ಬಗ್ಗೆ ವರದಿ ಮಾಡಿಸಿದರು. 1933ರಲ್ಲಿ ಸಿಮ್ಲಾದಲ್ಲಿ ಸಭೆ ಸೇರಿದರು. ಅದರ ಕೂಸು 1939ರ ಮೋಟಾರು ವಾಹನ ಕಾಯ್ದೆ. ಪರ್ಮಿಟ್ ಇಲ್ಲದೆ ಯಾವ ಲಾರಿಯೂ ಬಾಡಿಗೆಗೆ ಓಡುವ ಹಾಗಿಲ್ಲ. ಸ್ವಂತ ಸಾಮಾನು ಸಾಗಿಸುವವನಿಗೆ 'ಪ್ರೈವೇಟ್ ಕ್ಯಾರಿಯರ್', ಬಾಡಿಗೆಗೆ ಓಡಿಸುವವನಿಗೆ 'ಪಬ್ಲಿಕ್ ಕ್ಯಾರಿಯರ್'. ಹಳೇ ಸಿನಿಮಾಗಳಲ್ಲಿ ಲಾರಿಯ ನೆತ್ತಿ ಮೇಲೆ ಕಾಣುವ ಬರಹ ಇದೇ. ದೂರದ ಸರಕು ಸಾಗಣೆಯನ್ನೇ ನಿಷೇಧಿಸುವ ಅಧಿಕಾರವೂ ಪ್ರಾಂತ ಸರಕಾರಗಳಿಗೆ ಇತ್ತು. ಪ್ರತಿ ಪ್ರದೇಶಕ್ಕೊಂದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ, ಅದು ಕೊಟ್ಟ ಪರ್ಮಿಟ್ ಅದರ ಗಡಿಯೊಳಗೆ ಮಾತ್ರ. ಪಕ್ಕದ ಪ್ರದೇಶಕ್ಕೆ ಹೋಗಬೇಕಾದರೆ ಅಲ್ಲಿನ ಪ್ರಾಧಿಕಾರ ಅದೇ ಕಾಗದದ ಮೇಲೆ ಮೇಲುರುಜು, ಕೌಂಟರ್‌ಸಿಗ್ನೇಚರ್ ಹಾಕಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದೊಂದು ಸರ್ವರ್‌ಗೆ ಒಂದೊಂದು ಟೋಕನ್, ಒಂದರದ್ದು ಇನ್ನೊಂದಕ್ಕೆ ನಡೆಯಲ್ಲ.

ಈ ಕಾಯ್ದೆಯಲ್ಲಿ ನನಗೆ ತಮಾಷೆ ಅನ್ನಿಸುವುದು ಏನು ಅಂದರೆ, ಮಂಗಳೂರಿನಲ್ಲಿ ಅದು ಕಾಪಾಡಬೇಕಾದ ರೈಲೇ ಅರ್ಧ ಇರಲಿಲ್ಲ. 1907ರಲ್ಲಿ ಇಲ್ಲಿಗೆ ರೈಲು ಬಂದದ್ದು ಮಲಬಾರಿನ ಕಡೆಯಿಂದ, ಕರಾವಳಿಯ ಉದ್ದಕ್ಕೆ. ಘಟ್ಟ ಹತ್ತಿ ಹಾಸನಕ್ಕೆ ಹೋಗುವ ರೈಲು ಬಂದದ್ದು 1979ರಲ್ಲಿ. ನಡುವಿನ 72 ವರ್ಷ ಘಟ್ಟದ ಮೇಲಿನ ಕಾಫಿ, ಅಕ್ಕಿ, ಕೆಳಗಿನ ಹೆಂಚು, ಉಪ್ಪು, ಒಣಮೀನು, ಅಡಿಕೆ ಎಲ್ಲವೂ ಮೊದಲು ಎತ್ತಿನ ಗಾಡಿಯಲ್ಲಿ, ಆಮೇಲೆ ಲಾರಿಯಲ್ಲೇ ಹೋಗಬೇಕಿತ್ತು. ಇಲ್ಲದ ರೈಲಿಗೆ ಪೈಪೋಟಿ ಕೊಟ್ಟ ತಪ್ಪಿಗೆ ಘಟ್ಟದ ಲಾರಿಗೂ ಅದೇ ಪರ್ಮಿಟ್!

ಅದಕ್ಕಿಂತ ದೊಡ್ಡ ತೊಡಕು ಗಡಿಗಳದ್ದು. ಆಗ ದಕ್ಷಿಣ ಕನ್ನಡ ಜಿಲ್ಲೆ ಇದ್ದದ್ದು ಮದರಾಸು ಪ್ರಾಂತದಲ್ಲಿ. ಮಂಗಳೂರಿನಿಂದ ಮಡಿಕೇರಿ ಮೇಲೆ ಮೈಸೂರಿಗೆ ಹೊರಟ ಲಾರಿ ಸಂಪಾಜೆಯಲ್ಲಿ ಮದರಾಸು ಬಿಟ್ಟು ಕೊಡಗು ಸೇರಬೇಕು, ಕೊಡಗು ಬಿಟ್ಟು ಮೈಸೂರು ಸಂಸ್ಥಾನ ಸೇರಬೇಕು. ಬ್ರಿಟಿಷ್ ಇಂಡಿಯಾದ ಕಾಯ್ದೆ ಸಂಸ್ಥಾನಕ್ಕೆ ಅನ್ವಯಿಸುತ್ತಲೂ ಇರಲಿಲ್ಲ. ಒಂದು ದಿನದ ದಾರಿಗೆ ಮೂರು ಸರಕಾರ. ಅದೇ ಲಾರಿ ತೆಂಕು ದಿಕ್ಕಿಗೆ ಮಂಜೇಶ್ವರ, ಕಾಸರಗೋಡು, ಪೆರ್ಲ, ಬದಿಯಡ್ಕ ಅಂತ ಹೋದರೆ ಪ್ರಾಂತ ಬಿಡಿ, ಜಿಲ್ಲೆಯೇ ದಾಟುತ್ತಿರಲಿಲ್ಲ.

1956ರ ನವೆಂಬರ್ 1ಕ್ಕೆ ಇದೆಲ್ಲ ಒಂದೇ ರಾತ್ರಿಯಲ್ಲಿ ತಿರುಗಿಬಿತ್ತು. ನಾವು ಏಕೀಕರಣದ ದಿನ ಅಂತ ಬಾವುಟ ಹಾರಿಸುವ ಆ ದಿನ ಮಡಿಕೇರಿ, ಹಾಸನ, ಬಳ್ಳಾರಿ, ಬೀದರ್ ಎಲ್ಲ ಮಂಗಳೂರಿಗೆ 'ರಾಜ್ಯದೊಳಗೆ' ಆದವು. ನಿನ್ನೆಯವರೆಗೆ ಜಿಲ್ಲೆಯೊಳಗೇ ಇದ್ದ ಕಾಸರಗೋಡು 'ಹೊರರಾಜ್ಯ' ಆಯಿತು. ಮೊದಲ ಭಾಗವನ್ನು ನಾವು ಶಾಲೆಯಲ್ಲಿ ಭಾಷಣ ಮಾಡಿದ್ದೇವೆ. ಎರಡನೆಯದು ಗಡಿಯಲ್ಲಿ ಹುಟ್ಟಿದವರಿಗೆ ಮಾತ್ರ ಗೊತ್ತು.

ರಾಜ್ಯ ಮರುವಿಂಗಡಣೆ ಕಾಯ್ದೆ ಬರೆದವರಿಗೂ ಲಾರಿಗಳ ಕಷ್ಟ ಹೊಳೆದಿತ್ತು ಅನ್ನುವುದು ನನಗೆ ಇಷ್ಟವಾದ ಸಂಗತಿ. ಹೈಕೋರ್ಟು, ಆಸ್ತಿ, ಸಾಲ ಅಂತ ದೊಡ್ಡ ದೊಡ್ಡ ವಿಷಯಗಳ ಹಿಂದೆ ಒಂದು ಸಣ್ಣ ಕಲಮು ಸೇರಿಸಿದ್ದರು: ಆ ದಿನದವರೆಗೆ ಊರ್ಜಿತವಿದ್ದ ಪರ್ಮಿಟ್‌ಗಳು ಗಡಿ ಬದಲಾದ ಮಾತ್ರಕ್ಕೆ ರದ್ದಾಗುವುದಿಲ್ಲ, ಅವಕ್ಕೆ ಹೊಸ ಮೇಲುರುಜು ಬೇಡ. ಆದರೆ ಅದು ತಾತ್ಕಾಲಿಕ. ಕಾಗದದ ಅವಧಿ ಮುಗಿಯುವ ತನಕ ಮಾತ್ರ ಹಳೇ ಜಿಲ್ಲೆ ಜೀವಂತ.

ಕಾಸರಗೋಡಿನ ಬಗ್ಗೆ ಆಮೇಲೆ ಚಳವಳಿ ನಡೆದದ್ದು, ಕಯ್ಯಾರ ಕಿಞ್ಞಣ್ಣ ರೈಯವರಂಥವರು ಕೊನೆಯವರೆಗೂ ಹೋರಾಡಿದ್ದು, 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರಿಗೆ ಸೇರಬೇಕು ಅಂದದ್ದು ಎಲ್ಲರಿಗೂ ಗೊತ್ತು. ಅದು ಜಾರಿಯಾಗಲಿಲ್ಲ. ಅಡಿಕೆ ಬೆಳೆಗಾರರು ತಮ್ಮ ದಾರಿ ತಾವೇ ಹುಡುಕಿಕೊಂಡರು. ತೋಟಗಳು ಗೆರೆಯ ಎರಡೂ ಕಡೆ ಇದ್ದ ಕಾರಣ 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕ್ಯಾಂಪ್ಕೋ ಕಟ್ಟುವಾಗ ಅದನ್ನು ಕರ್ನಾಟಕ, ಕೇರಳ ಎರಡಕ್ಕೂ ಸೇರಿದ ಸಹಕಾರಿ ಸಂಸ್ಥೆಯಾಗಿಯೇ ಕಟ್ಟಿದರು.

ಈಗ ನನ್ನ ಕತೆ. ನಮ್ಮೂರಿನಿಂದ ಅಡ್ಯನಡ್ಕ, ಅದು ದಾಟಿದರೆ ಸಾರಡ್ಕ, ಅಲ್ಲಿ ಗಡಿ. ಅಲ್ಲಿಂದ ಸ್ವಲ್ಪ ಮುಂದೆ ಪೆರ್ಲದಲ್ಲಿ ಅತ್ತೆ ಮನೆ. 1990ರ ದಶಕದ ಕೊನೆಯ ಒಂದು ಮೇ ತಿಂಗಳು. ಮಳೆಗಾಲಕ್ಕೆ ಮುಂಚೆ ಅತ್ತೆಯ ಮನೆಗೆ ಮಾಡು ಆಗಬೇಕಿತ್ತು. ನಮ್ಮ ಹಳೇ ಮನೆ ಬಿಚ್ಚಿದಾಗ ಇಳಿಸಿದ ಎರಡು ಸಾವಿರ ಮಂಗಳೂರು ಹೆಂಚು ಅಂಗಳದಲ್ಲಿತ್ತು. ಚಿಕ್ಕಪ್ಪನ ಲಾರಿ ಮನೆ ಬಾಗಿಲಲ್ಲೇ ಇತ್ತು. ಇನ್ನೇನು ಬೇಕು?

ಪರ್ಮಿಟ್ ಬೇಕು. ಅಷ್ಟರಲ್ಲಿ ಕಾನೂನು ಸುಧಾರಿಸಿತ್ತು. 1989ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಮೋಟಾರು ವಾಹನ ಕಾಯ್ದೆ ಪಬ್ಲಿಕ್, ಪ್ರೈವೇಟ್ ಕ್ಯಾರಿಯರ್ ಭೇದ ತೆಗೆದುಹಾಕಿತ್ತು. ಒಂದು ಪ್ರಾಧಿಕಾರ ಕೊಟ್ಟ ಸರಕು ರಹದಾರಿ ಅದೇ ರಾಜ್ಯದ ಬೇರೆ ಪ್ರದೇಶಗಳಲ್ಲೂ ಮೇಲುರುಜು ಇಲ್ಲದೆ ನಡೆಯುವ ಹಾಗೆ ಮಾಡಿತ್ತು. ಐದು ವರ್ಷಕ್ಕೊಮ್ಮೆ ನವೀಕರಿಸಿದರೆ ಇಡೀ ಕರ್ನಾಟಕ ನಿಮ್ಮದು. ಚಿಕ್ಕಪ್ಪ ಹಾಗೆಯೇ ಗುಲ್ಬರ್ಗ, ಬೀದರ್ ತನಕ ಅಡಿಕೆ, ತೆಂಗಿನಕಾಯಿ ಹಾಕಿಕೊಂಡು ಹೋಗಿ ಬಂದವರು. ಆದರೆ ತಂಗಿಯ ಮನೆಗೆ ಹೋಗಬೇಕಾದರೆ ಕೇರಳದ ಮೇಲುರುಜು ಬೇಕು, ಅಥವಾ ತಾತ್ಕಾಲಿಕ ಪರ್ಮಿಟ್ ಬೇಕು. ನ್ಯಾಷನಲ್ ಪರ್ಮಿಟ್ ಅಂತ 1975ರಿಂದ ಇತ್ತು, ಆದರೆ ಅದಕ್ಕೆ ಆಗ ಕಡಿಮೆ ಅಂದರೂ ನಾಲ್ಕು ರಾಜ್ಯ ಆರಿಸಬೇಕು, ಅಷ್ಟಕ್ಕೂ ತೆರಿಗೆ ಕಟ್ಟಬೇಕು. ಪೆರ್ಲಕ್ಕೆ ಹೋಗಲು ನಾಲ್ಕು ರಾಜ್ಯ! ತಾತ್ಕಾಲಿಕ ಪರ್ಮಿಟ್‌ಗೆ ಅಂತ ಚಿಕ್ಕಪ್ಪ ಎರಡು ಸಲ ಪೇಟೆಗೆ ಹೋಗಿ ಬಂದರು. ಒಂದು ದಿನ ಸಾಹೇಬರಿಲ್ಲ, ಇನ್ನೊಂದು ದಿನ ಫಾರಂ ಇಲ್ಲ. ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು.

ಕೊನೆಗೆ ಅವರು ಮಾಡಿದ್ದು ಏನು ಗೊತ್ತಾ? ಹೆಂಚು ತುಂಬಿ ಸಾರಡ್ಕದ ತನಕ ಲಾರಿ ತಂದು, ಗಡಿಗಿಂತ ಈಚೆ ಗೋಳಿಮರದ ಬುಡದಲ್ಲಿ ನಿಲ್ಲಿಸಿದರು. ಆಚೆಯಿಂದ ಪೆರ್ಲದ ಒಬ್ಬರ ಪಿಕಪ್ ಬಂತು. ಒಟ್ಟು ತೂಕ 3,000 ಕಿಲೋ ದಾಟದ ಸರಕು ಗಾಡಿಗೆ ಪರ್ಮಿಟ್ಟೇ ಬೇಡ ಅಂತ ಅದೇ ಕಾಯ್ದೆಯಲ್ಲಿದೆ. ಚಿಕ್ಕಪ್ಪನಿಗೆ ಕಲಮಿನ ನಂಬರ್ ಗೊತ್ತಿರಲಿಲ್ಲ, ಆದರೆ ವಿಷಯ ಬಾಯಿಪಾಠ. ಮನೆಮಂದಿಯೆಲ್ಲ ಸಾಲಾಗಿ ನಿಂತು ಒಂದು ಗಾಡಿಯಿಂದ ಇನ್ನೊಂದಕ್ಕೆ ಹೆಂಚು ದಾಟಿಸಿದೆವು. ಪಿಕಪ್ ಐದು ಟ್ರಿಪ್ ಹೊಡೆಯಿತು. ಕೊನೆಯ ಟ್ರಿಪ್ಪಿಗೆ ಮಳೆ ಹನಿಯಿತು. ನನ್ನ ಕೈಯಿಂದ ಜಾರಿ ಒಡೆದದ್ದು ಮೂರೋ ನಾಲ್ಕೋ. ಅತ್ತೆ ಇವತ್ತಿಗೂ ಹನ್ನೆರಡು ಅಂತಾರೆ.

ಪರ್ಮಿಟ್ ಅನ್ನುವುದೇ ದಂಡ ಅಂತ ಆಗ ಅನ್ನಿಸಿತ್ತು. ಹಾಗೆ ಪೂರ್ತಿ ಹೇಳಲು ಈಗ ಮನಸ್ಸು ಬರುವುದಿಲ್ಲ. ಬಳ್ಳಾರಿ ಅದಿರಿನ ಗದ್ದಲ ನೆನಪಿದೆಯಲ್ಲ? ಗಣಿಯಿಂದ ಬಂದರಿನ ತನಕ ಇಡೀ ದಾರಿ ರಾಜ್ಯದೊಳಗೇ, ಲಾರಿಗಳ ರಹದಾರಿ ಸರಿಯಾಗಿಯೇ ಇರಬಹುದು. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆ ಲಕ್ಷಗಟ್ಟಲೆ ಟನ್ ಅದಿರು ಹಿಡಿದಾಗ ಪ್ರಶ್ನೆ ಬಂದದ್ದು ಲೋಡಿನ ಕಾಗದದ್ದು. ಮುಂದಿನ ವರ್ಷ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ವರದಿ ಕೊಟ್ಟಾಗಲೂ ಅದಿರಿನ ಪರ್ಮಿಟ್ಟು, ಓವರ್‌ಲೋಡು ಇವೇ ಸಾಕ್ಷಿಯಾದವು. ಆ ಚೀಟಿಗಳೇ ಇಲ್ಲದಿದ್ದರೆ ಕದ್ದದ್ದು ಅಂತ ಹೇಳುವುದಾದರೂ ಹೇಗೆ?

ಅಲ್ಲಿಂದೀಚೆಗೆ ಕಾಗದದ ಕಾಟ ಗಾಡಿಯಿಂದ ಲೋಡಿಗೆ ವರ್ಗವಾದ ಹಾಗೆ ಕಾಣುತ್ತದೆ. ಮರಳಿಗೆ ಗಣಿ ಇಲಾಖೆಯ ಪರ್ಮಿಟ್, ಮರಕ್ಕೆ ಅರಣ್ಯದ ಪಾಸ್. ಉಳಿದದ್ದಕ್ಕೆ ವ್ಯಾಟ್ ಕಾಲದಲ್ಲಿ ಇ-ಸುಗಮ್ ಇತ್ತು, ಈಗ ಇ-ವೇ ಬಿಲ್. 2018ರ ಏಪ್ರಿಲ್ 1ರಂದು ದೇಶವಿಡೀ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಬಂದಾಗ, ಅದೇ ದಿನ ರಾಜ್ಯದೊಳಗಿನ ಸಾಗಣೆಗೂ ಅದನ್ನು ಜಾರಿ ಮಾಡಿದ್ದು ಕರ್ನಾಟಕ ಒಂದೇ. 50,000 ರೂಪಾಯಿ ದಾಟಿದ ಸರಕಿಗೆ ಬೇಕು. ಬಳಸಿದ ಮನೆ ಸಾಮಾನಿಗೆ ಬೇಡ, ಹಾಗಾಗಿ ನನ್ನ ಫ್ರಿಜ್ಜು ಆರಾಮಾಗಿ ಬಂತು. ಇತ್ತ 2010ರಲ್ಲಿ ನ್ಯಾಷನಲ್ ಪರ್ಮಿಟ್ ಆಗಿನ ವರ್ಷಕ್ಕೆ 15,000 ರೂಪಾಯಿ ದರದಲ್ಲಿ ಇಡೀ ದೇಶಕ್ಕೆ ಆಯಿತು. ಆದರೆ ಎರಡು ಆಕ್ಸಲ್‌ನ ಗಾಡಿಗೆ 12 ವರ್ಷ ದಾಟಿದರೆ ಎನ್.ಪಿ. ಇಲ್ಲ. ಹಾಸನದ ಹುಡುಗನ ಗಾಡಿಯಂಥವು ವಯಸ್ಸಾದ ಮೇಲೆ ರಾಜ್ಯದೊಳಗೇ ತಿರುಗಿಕೊಂಡಿರಬೇಕು, ನಿವೃತ್ತ ಮೇಷ್ಟ್ರ ಹಾಗೆ.

ಗೆರೆ ಮಾತ್ರ ಇದ್ದಲ್ಲೇ ಇದೆ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ತಲಪಾಡಿಯನ್ನು ಬಂದ್ ಮಾಡಿ ಗಡಿಯ ಒಳರಸ್ತೆಗಳಿಗೆ ಮಣ್ಣು ಸುರಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಆಚೆಯೇ ಉಳಿದರು. ಕೆಲವರು ಸತ್ತರು. ಹೈಕೋರ್ಟು, ಸುಪ್ರೀಂ ಕೋರ್ಟು ತನಕ ಹೋಯಿತು. ಅತ್ತೆಗೆ ಆಗ ಮಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿತ್ತು. ಎರಡು ತಿಂಗಳು ಔಷಧಿಯ ಹೆಸರನ್ನು ಫೋನಿನಲ್ಲೇ ಹೇಳುತ್ತಿದ್ದರು.

ಮೊನ್ನೆ ಊರಿಗೆ ಹೋದಾಗ ಚಿಕ್ಕಪ್ಪ ಹಳೇ ಪೆಟ್ಟಿಗೆಯಿಂದ ಲಾರಿಯ ಪರ್ಮಿಟ್ ತೆಗೆದು ತೋರಿಸಿದರು. ಮಡಚಿದಲ್ಲೆಲ್ಲ ಹರಿದಿದೆ. ಪ್ರದೇಶ ಅನ್ನುವಲ್ಲಿ ಟೈಪ್ ಮಾಡಿದ್ದು, ಕರ್ನಾಟಕ ರಾಜ್ಯ. ಹಿಂದುಗಡೆ ಮೇಲುರುಜಿನ ಜಾಗ ಖಾಲಿ. ಅತ್ತೆಯ ಮನೆ ಈಗ ಟೆರೇಸ್ ಆಗಿದೆ, ಇಳಿಸಿದ ಹೆಂಚು ಹಟ್ಟಿಯ ಹಿಂದೆ ಪೇರಿಸಿಟ್ಟಿದ್ದಾರೆ. ಬಲ್ಮಠದ ಬಾಲ್ಕನಿಗೆ ಮಾಡು ಹಾಕಲು ಬೇಕಾದರೆ ತಗೊಂಡು ಹೋಗು ಅಂತ ಅತ್ತೆ ಫೋನ್ ಮಾಡಿದ್ದರು. "ಒಟ್ಟು ಎಷ್ಟು ಕಿಲೋ ಬರಬಹುದು ಅತ್ತೆ?" ಅಂತ ಕೇಳಿದೆ.