ಕೃಷ್ಣಾ–ಭೀಮಾ ನಡುನಾಡಿನಲ್ಲಿ ವಿಹಾರಸಂಚಾರ: ಕುದುರೆಯಿಂದ ಸೈಕಲ್ಲಿನವರೆಗೆ

1

ವಿಹಾರಕ್ಕಾಗಿ ಮಾಡುವ ಸಂಚಾರವನ್ನು ಇತಿಹಾಸದ ವಿಷಯವೆಂದು ಎಣಿಸುವ ವಾಡಿಕೆ ನಮ್ಮಲ್ಲಿಲ್ಲ. ದಂಡಯಾತ್ರೆ, ತೀರ್ಥಯಾತ್ರೆ, ವ್ಯಾಪಾರಯಾತ್ರೆಗಳಿಗೆ ಶಾಸನಗಳಲ್ಲಿಯೂ ಕೈಫಿಯತ್ತುಗಳಲ್ಲಿಯೂ ಸ್ಥಾನ ದೊರೆತಿದೆ. ಕೇವಲ ಮನಸ್ಸಂತೋಷಕ್ಕಾಗಿ ಹಳ್ಳಿಯ ದಾರಿ ಹಿಡಿದು ಹೊರಟವನನ್ನು ಅವು ನೆನೆಯುವುದು ಅಪೂರ್ವ. ಇಂಥವನ ತಿರುಗಾಟದಿಂದ ಚರಿತ್ರೆಗೆ ಒದಗುವ ಲಾಭವೇನೆಂದು ವಿದ್ವಾಂಸರು ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯ ಮಟ್ಟಿಗೆ ಈ ಪ್ರಶ್ನೆಗೆ ನಿಶ್ಚಿತವಾದ ಉತ್ತರವಿದೆ. ಈ ನಾಡಿನ ಅತಿ ಪ್ರಾಚೀನ ಅವಶೇಷಗಳು ಬಹುಮಟ್ಟಿಗೆ ಕೋಟೆಯೊಳಗಾಗಲಿ ದೇವಾಲಯದ ಪ್ರಾಕಾರದೊಳಗಾಗಲಿ ಇಲ್ಲ; ಅವು ಹೊಲಗಳಲ್ಲಿ, ಗುಡ್ಡದ ಮಗ್ಗುಲಲ್ಲಿ, ಹಳ್ಳದ ದಂಡೆಯಲ್ಲಿ ಚದುರಿಬಿದ್ದಿವೆ. ಅವನ್ನು ಕಂಡವರು ನಿಧಾನವಾಗಿ ಸಂಚರಿಸಿದವರು. ಮುಂದೆ ಕಾಣಬೇಕಾದವರೂ ಅಂಥವರೇ. ಸೈಕಲ್ಲಿನ ಮೇಲೆ ಹಳ್ಳಿಗಾಡನ್ನು ಸುತ್ತುವ ಇಂದಿನ ವಿಹಾರವು ಈ ದೃಷ್ಟಿಯಿಂದ ಹಳೆಯದೊಂದು ಪರಂಪರೆಗೆ ಸೇರತಕ್ಕುದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

2

ಮೊದಲು ಸೀಮೆಯ ಸ್ವರೂಪವನ್ನು ಸಂಗ್ರಹವಾಗಿ ನೋಡಬಹುದು. ಕೃಷ್ಣೆ ಭೀಮೆಗಳ ನಡುವಣ ಈ ಭೂಭಾಗವನ್ನು ಪುರಾತತ್ತ್ವಜ್ಞರು ಸುರಪುರ ದೋಆಬ್ ಎಂದು ಕರೆಯುತ್ತಾರೆ. ಜನರ ಬಾಯಲ್ಲಿ ಶಹಾಪುರ, ಸುರಪುರಗಳ ಸುತ್ತಿನ ನಾಡಿಗೆ ಸಗರನಾಡೆಂಬ ಹೆಸರುಂಟು. ಯಾದಗಿರಿ ಪಟ್ಟಣವು ಭೀಮೆಯ ಆಚೆಯ ದಂಡೆಯ ಮೇಲಿದೆ. ಅಲ್ಲಿಂದ ಶಹಾಪುರಕ್ಕೆ ಹೊರಟ ಸೈಕಲ್ ಸವಾರನು ಭೀಮಾ ಸೇತುವೆಯನ್ನು ದಾಟಿದೊಡನೆ ನಡುನಾಡನ್ನು ಪ್ರವೇಶಿಸುತ್ತಾನೆ. ಶಹಾಪುರಕ್ಕೆ ಸುಮಾರು 35 ಕಿಲೋಮೀಟರು. ಅಲ್ಲಿಂದ ಸುರಪುರಕ್ಕೆ ಸುಮಾರು 25. ಬೆಳಗಿನ ಜಾವಕ್ಕೆ ಹೊರಟವನು ಬಿಸಿಲೇರುವ ಹೊತ್ತಿಗೆ ಸುರಪುರದ ಗುಡ್ಡದ ಬುಡವನ್ನು ಮುಟ್ಟಬಹುದು. ಕಾರ್ತಿಕದಿಂದ ಮಾಘದವರೆಗೆ ಈ ಸಂಚಾರ ಸುಖಕರ. ಚೈತ್ರ ವೈಶಾಖಗಳ ಬಿಸಿಲು ಅಸಹ್ಯ. ಮಳೆಗಾಲದಲ್ಲಿ ಡಾಂಬರು ಬಿಟ್ಟು ಕೆಳಗಿಳಿದರೆ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕಾಗುವುದು. ಬಳ್ಳಾರಿ ಜಾಲಿಯ ಮುಳ್ಳಂತೂ ಎಲ್ಲ ಋತುಗಳಲ್ಲಿಯೂ ಟೈರಿಗೆ ಶತ್ರು.

1871ರಲ್ಲಿ ಮುಂಬಯಿ ಕಡೆಯ ರೈಲುಮಾರ್ಗವು ಮದರಾಸು ಕಡೆಯ ಮಾರ್ಗವನ್ನು ರಾಯಚೂರಿನಲ್ಲಿ ಕೂಡಿತು. ಆ ಮಾರ್ಗ ಹಾದುಹೋದುದು ಯಾದಗಿರಿಯ ಮೂಲಕ. ಶಹಾಪುರ, ಸುರಪುರ ಪಟ್ಟಣಗಳಿಗೆ ರೈಲು ಬರಲಿಲ್ಲ. ಆದುದರಿಂದ ನಡುನಾಡಿನ ಒಳಭಾಗವನ್ನು ನೋಡಬಯಸಿದವನು ಯಾದಗಿರಿಯಲ್ಲಿ ಇಳಿದು ರಸ್ತೆಯನ್ನೇ ಹಿಡಿಯಬೇಕಾಯಿತು.

3

ಈ ರಸ್ತೆಗಳಲ್ಲಿ ಕುತೂಹಲದಿಂದ ಸಂಚರಿಸಿ ತಾನು ಕಂಡುದನ್ನು ಬರೆದಿಟ್ಟವರಲ್ಲಿ ಫಿಲಿಪ್ ಮೆಡೋಸ್ ಟೇಲರನ ಹೆಸರು ಮೊದಲು ಬರುತ್ತದೆ. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಈತನು ನಿಜಾಮರ ಸೇವೆಯಲ್ಲಿದ್ದು, ಸುರಪುರದ ಬಾಲರಾಜ ವೆಂಕಟಪ್ಪ ನಾಯಕನ ಕಾಲದಲ್ಲಿ 1842ರಿಂದ 1853ರವರೆಗೆ ಸಂಸ್ಥಾನದ ಆಡಳಿತವನ್ನು ನಡೆಸಿದನು. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಇಂದಿಗೂ ಆತನ ಹೆಸರನ್ನು ಹೊತ್ತಿದೆ. ಸುರಪುರದ ಅರಸರು ಕಟ್ಟಿಸಿದ ಬೋನಾಳ ಕೆರೆಯನ್ನು ಆತನು ದುರಸ್ತಿಗೊಳಿಸಿದನು; ಆ ಕೆರೆ ಈಗ ಪಕ್ಷಿಧಾಮವೆಂದು ಹೆಸರಾಗಿ, ಸೈಕಲ್ ಸವಾರರಿಗೂ ಮೆಚ್ಚಿನ ತಾಣವಾಗಿದೆ.

ಆಡಳಿತದ ಬಿಡುವಿನಲ್ಲಿ ಕುದುರೆಯೇರಿ ಸುತ್ತುತ್ತಿದ್ದ ಟೇಲರನ ಕಣ್ಣಿಗೆ ಗುಂಡುಕಲ್ಲುಗಳ ವೃತ್ತಗಳೂ ಚಪ್ಪಡಿಕಲ್ಲಿನ ಗೋರಿಗಳೂ ಬಿದ್ದವು. ರಾಜನಕೋಳೂರಿನ ಕಲ್ಮನೆಗಳನ್ನು ಜನರು ಮೋರೇರ ಮನೆಗಳೆಂದು ಕರೆಯುತ್ತಿದ್ದುದನ್ನು ಆತನು ಕೇಳಿ ಬರೆದುಕೊಂಡನು. ಭೀಮಾತೀರದ ಜೇವರ್ಗಿಯಲ್ಲಿ ಗೋರಿಗಳನ್ನು ಅಗೆಸಿ ನೋಡಿದನು. ಶಹಾಪುರದ ಸಮೀಪದ ವಿಭೂತಿಹಳ್ಳಿಯಲ್ಲಿ ಬಯಲಿನ ಮೇಲೆ ಸಾಲುಸಾಲಾಗಿ ಇರಿಸಿದ ದೊಡ್ಡ ಗುಂಡುಗಳನ್ನು ಕಂಡು ಅವುಗಳ ಕ್ರಮವನ್ನು ಗುರುತಿಸಿದನು. ಈ ಸಂಗತಿಗಳನ್ನು 1850ರ ದಶಕದಲ್ಲಿ ಮುಂಬಯಿಯ ವಿದ್ವತ್ಪತ್ರಿಕೆಯಲ್ಲಿಯೂ ತರುವಾಯ ಐರ್ಲೆಂಡಿನ ರಾಯಲ್ ಅಕಾಡೆಮಿಯ ಸಂಪುಟದಲ್ಲಿಯೂ ಪ್ರಕಟಿಸಿದನು.

ಟೇಲರನ ನಿರ್ಣಯಗಳೆಲ್ಲವೂ ನಿಲ್ಲತಕ್ಕವಲ್ಲ. ಯೂರೋಪಿನ ಇಂಥವೇ ಕಲ್ಲುಗಳನ್ನು ನೆನೆದು ಆತನು ಇವನ್ನು ಸಿಥಿಯನ್ ಜನರ ಹಾಗೂ ಡ್ರೂಯಿಡ್ ಪುರೋಹಿತರ ಕೃತಿಗಳೆಂದು ಊಹಿಸಿದನು. ಈ ಊಹೆಯನ್ನು ಇಂದು ಯಾರೂ ಒಪ್ಪುವುದಿಲ್ಲ. ಗೋರಿಗಳು ದಕ್ಷಿಣ ಭಾರತದ ಕಬ್ಬಿಣಯುಗದ ಬೃಹತ್ ಶಿಲಾಸಂಸ್ಕೃತಿಗೆ ಸೇರಿದವು. ಆತನ ಸಂಚಾರದ ಹಿಂದೆ ಅಧಿಕಾರದ ಬಲವಿತ್ತೆಂಬುದನ್ನೂ ಮರೆಯಲಾಗದು. ಆತನ ಕೈಯಲ್ಲಿ ಬೆಳೆದ ವೆಂಕಟಪ್ಪ ನಾಯಕನು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಸೆರೆಯಾಗಿ ದುರಂತ ಮರಣ ಹೊಂದಿದನು. ಸಂಸ್ಥಾನವು 1860ರ ಒಪ್ಪಂದದಂತೆ ನಿಜಾಮರ ವಶವಾಯಿತು. ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಟೇಲರನ ಊಹೆ ತಪ್ಪಿತು, ಆತನ ನೋಟ ತಪ್ಪಲಿಲ್ಲ. ಎಲ್ಲಿ ಏನಿದೆಯೆಂದು ಆತನು ಬರೆದುದು ಮುಂದಿನವರಿಗೆ ಆಧಾರವಾಯಿತು. ಎಫ್. ಆರ್. ಆಲ್ಚಿನ್ ಅವರು 1956ರಲ್ಲಿ ಹೈದರಾಬಾದು ಸಂಸ್ಥಾನದ ದಕ್ಷಿಣ ಭಾಗದ ಶಿಲಾಪಂಕ್ತಿಗಳನ್ನು ಕುರಿತು ಬರೆದರು. ಖಗೋಳಶಾಸ್ತ್ರಜ್ಞರಾದ ಎನ್. ಕಾಮೇಶ್ವರ ರಾವ್ ಅವರು 1993ರಲ್ಲಿ ವಿಭೂತಿಹಳ್ಳಿಯ ಸಾಲುಗಳಿಗೂ ಸೂರ್ಯೋದಯದ ದಿಕ್ಕುಗಳಿಗೂ ಇರುವ ಸಂಬಂಧವನ್ನು ವಿಚಾರಿಸಿದರು. ಕಲ್ಲುಗಳು ತಮ್ಮ ಸ್ಥಾನದಲ್ಲಿ ಉಳಿದುದರಿಂದಲೇ ಈ ವಿಚಾರ ಸಾಧ್ಯವಾಯಿತೆಂಬುದನ್ನು ವಾಚಕರು ಗಮನಿಸಬೇಕು.

4

ಟೇಲರನು 1876ರಲ್ಲಿ ತೀರಿಕೊಂಡನು. ಎರಡು ವರ್ಷಗಳ ತರುವಾಯ, 1878ರಲ್ಲಿ, ಇಂಗ್ಲೆಂಡಿನಲ್ಲಿ ಸೈಕಲ್ಲಿನ ಮೇಲೆ ನಾಡು ಸುತ್ತುವವರ ಸಂಘವೊಂದು ಸ್ಥಾಪಿತವಾಯಿತು. ಎರಡು ಗಾಲಿಗಳೂ ಸಮವಾದ, ಹಿಂದಿನ ಗಾಲಿಗೆ ಚೈನು ತೊಡಿಸಿದ ಸೈಕಲ್ಲು 1885ರಲ್ಲಿಯೂ ಗಾಳಿ ತುಂಬಿದ ಟೈರು 1888ರಲ್ಲಿಯೂ ಬಳಕೆಗೆ ಬಂದ ಮೇಲೆ ದೂರಸಂಚಾರ ಸುಲಭವಾಯಿತು. ಅಮೆರಿಕದ ವರ್ಕ್‌ಮನ್ ದಂಪತಿಗಳು ಸೈಕಲ್ಲಿನ ಮೇಲೆ ಭಾರತದ ದೇವಾಲಯಗಳನ್ನು ಸುತ್ತಿ, ಹದಿನಾಲ್ಕು ಸಾವಿರ ಮೈಲಿಗಳ ಆ ಸಂಚಾರದ ವೃತ್ತಾಂತವನ್ನು 1904ರಲ್ಲಿ ಅಚ್ಚು ಹಾಕಿಸಿದರು. 1923ರಲ್ಲಿ ಮುಂಬಯಿಯಿಂದ ಆರು ಮಂದಿ ಪಾರಸಿ ತರುಣರು ಭೂಪ್ರದಕ್ಷಿಣೆಗೆ ಹೊರಟು, ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಂ ಭೂಮಗರಾ ಎಂಬ ಮೂವರು 1928ರಲ್ಲಿ ಅದನ್ನು ಪೂರೈಸಿದರು.

ನಮ್ಮ ಹಳ್ಳಿಗಳಿಗೆ ಸೈಕಲ್ಲು ಬಂದುದು ವಿಹಾರಕ್ಕಲ್ಲ, ದುಡಿಮೆಗೆ. ಮೇಷ್ಟರು, ಅಂಚೆಯವನು, ಹಾಲು ಮಾರುವವನು, ಬಟ್ಟೆಯ ಗಂಟು ಹೊತ್ತ ವ್ಯಾಪಾರಿ ಇವರೇ ಅದರ ಮೊದಲ ಸವಾರರು. 1949ರಲ್ಲಿ ಮದರಾಸಿನ ಟಿ.ಐ., 1951ರಲ್ಲಿ ಸೋನೀಪತದ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ ಕಾರ್ಖಾನೆಗಳು ತಲೆಯೆತ್ತಿದ ಮೇಲೆ ದೇಶದಲ್ಲಿಯೇ ತಯಾರಾದ ಸೈಕಲ್ಲು ಊರೂರಿಗೆ ಹಬ್ಬಿತು. ಕೊಳ್ಳಲಾರದವರು ಬಾಡಿಗೆ ಅಂಗಡಿಯಿಂದ ತಾಸಿನ ಲೆಕ್ಕದಲ್ಲಿ ತಂದು ತುಳಿದರು. ಹುಡುಗರು ಕಾಲು ನಿಲುಕದೆ ತ್ರಿಕೋನದ ಒಳಗೆ ಕಾಲು ತೂರಿಸಿ ಕಲಿತರು. 2006–07ರಲ್ಲಿ ರಾಜ್ಯ ಸರ್ಕಾರವು ಪ್ರೌಢಶಾಲೆಯ ವಿದ್ಯಾರ್ಥಿನಿಯರಿಗೆ ಉಚಿತ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿದಾಗ, ಊರ ಹೊರಗಿನ ರಸ್ತೆಯು ಹೆಣ್ಣುಮಕ್ಕಳ ಸವಾರಿಗೂ ತೆರೆಯಿತು. ವಿಹಾರದ ಸೈಕಲ್ಲು ಇದಕ್ಕೆ ಹೊಂದಿಕೊಂಡಂತೆ ಬಂದಿತು. 2008ರಲ್ಲಿ ಬೆಂಗಳೂರಿನಿಂದ ನೀಲಗಿರಿಗೆ ಆರಂಭವಾದ ಸೈಕಲ್ ಯಾತ್ರೆಯು ಇದರ ಪ್ರಸಿದ್ಧ ಉದಾಹರಣೆ. ಸಗರನಾಡಿನಲ್ಲಿ ಇಂಥ ಸಂಚಾರ ಇನ್ನೂ ವಿರಳ. ಆದರೆ ಅದಕ್ಕೆ ಇಲ್ಲಿ ಇರುವಷ್ಟು ಪ್ರಯೋಜನ ಬೇರೆಡೆ ಇರಲಾರದು.

5

ಆ ಪ್ರಯೋಜನವಾವುದು? ಮೋಟಾರಿನಲ್ಲಿ ಕುಳಿತವನು ಊರಿನಿಂದ ಊರಿಗೆ ಹೋಗುತ್ತಾನೆ. ನಡುವಣ ಹೊಲ ಅವನಿಗೆ ಕಾಣದು. ನಡೆದುಹೋಗುವವನಿಗೆ ಒಂದು ದಿನದಲ್ಲಿ ನಾಲ್ಕಾರು ಹಳ್ಳಿಗಳಷ್ಟೇ ದಕ್ಕುವುವು. ತಾಸಿಗೆ ಹನ್ನೆರಡು ಹದಿನೈದು ಕಿಲೋಮೀಟರು ಸಾಗುವ ಸೈಕಲ್ಲು ಇವೆರಡರ ನಡುವಣದು. ಎರೆನೆಲ ಮುಗಿದು ಮಸಾರಿ ಆರಂಭವಾದುದು, ರಸ್ತೆ ಏರಿದುದು ಸವಾರನ ಮೊಣಕಾಲಿಗೇ ತಿಳಿಯುತ್ತದೆ. ಶಹಾಪುರದ ಗುಡ್ಡಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುವುದೆಂಬುದು ಪ್ರಸಿದ್ಧವಷ್ಟೆ. ಆ ಆಕೃತಿ ಒಂದು ಕೋನದಿಂದ ಮಾತ್ರ ಕಾಣುತ್ತದೆ. ಮುಂದೆ ಸಾಗಿದರೆ ಅದು ಬಿಡಿಬಿಡಿಯಾಗಿ ಬರಿಯ ಬಂಡೆಗಳಾಗುತ್ತದೆ. ಶಿಲಾಪಂಕ್ತಿಗಳ ವಿಷಯವೂ ಹೀಗೆಯೇ. ಸರಿಯಾದ ಸ್ಥಳದಲ್ಲಿ ನಿಂತವನಿಗೆ ಅವು ಸಾಲುಗಳು. ಉಳಿದವರಿಗೆ ಹೊಲದಲ್ಲಿ ಅಡ್ಡಬಿದ್ದ ಗುಂಡುಗಳು.

ಕಳೆದ ಮಾರ್ಗಶಿರದ ಒಂದು ರವಿವಾರ ಏಳು ಮಂದಿ ವಿದ್ಯಾರ್ಥಿಗಳೊಡನೆ ನಾನು ಶಹಾಪುರದಿಂದ ಸುರಪುರದ ಕಡೆಗೆ ಹೊರಟಿದ್ದೆನು. ನಮ್ಮೊಡನಿದ್ದ ವಿದ್ಯಾರ್ಥಿನಿಯೊಬ್ಬಳು ಏರಿದ್ದುದು ಆಕೆಯ ಅಕ್ಕನಿಗೆ ಹಿಂದೆ ಶಾಲೆಯಲ್ಲಿ ದೊರೆತ ಸೈಕಲ್ಲನ್ನು. ವಿಭೂತಿಹಳ್ಳಿಯಲ್ಲಿ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಕಲ್ಲುಗಳನ್ನು ನೋಡಿಕೊಂಡು, ಮುಂದೆ ಒಂದು ಹಳ್ಳಿಯ ಬಳಿ ಪಂಕ್ಚರ್ ಹಾಕಿಕೊಳ್ಳಲು ನಿಂತೆವು. ಹೊಲದಲ್ಲಿದ್ದ ವೃದ್ಧರೊಬ್ಬರು ಹತ್ತಿರ ಬಂದು, "ಬಸ್ಸು ಇಲ್ಲೇನ್ರಿ ಸರ? ಸುಮ್ಮ ಯಾಕ ತುಳೀತೀರಿ?" ಎಂದು ನಕ್ಕರು. ಹಳೆಯ ಕಲ್ಲುಗಳನ್ನು ನೋಡುತ್ತ ಹೊರಟಿದ್ದೇವೆಂದಾಗ ಅವರು ಹೇಳಿದುದಿಷ್ಟು: "ಅಂಥವು ನಮ್ಮ ಹೊಲದಾಗೂ ಇದ್ದವ್ರಿ. ಕಾಲುವಿ ನೀರು ಬಂದ ಮ್ಯಾಲ ಗದ್ದಿ ಮಾಡಿದ್ವಿ. ಕಲ್ಲು ಎಳದು ಒಡ್ಡಿಗೆ ಹಾಕೀವ್ರಿ."

ಆ ಒಡ್ಡನ್ನು ಅವರೇ ತೋರಿಸಿದರು. ವಿದ್ಯಾರ್ಥಿಗಳು ಎಣಿಸಿದರು, ದೊಡ್ಡ ಗುಂಡುಗಳು ಹನ್ನೊಂದು. ಅವು ಪ್ರಾಚೀನ ಪಂಕ್ತಿಯೊಂದರ ಭಾಗವಾಗಿದ್ದುವೆ, ಅಲ್ಲವೆ? ಇನ್ನು ಯಾರೂ ನಿರ್ಣಯಿಸಲಾರರು. ಇಂಥ ಅವಶೇಷದಲ್ಲಿ ಕಲ್ಲಿಗಿಂತ ಕಲ್ಲಿನ ಸ್ಥಾನವೇ ಸಾಕ್ಷಿ. ಕಲ್ಲು ಒಡ್ಡಿನಲ್ಲಿ ಉಳಿದಿದೆ, ಸಾಕ್ಷಿ ಅಳಿದಿದೆ.

6

ಆ ವೃದ್ಧರನ್ನು ದೂರುವುದು ಅನ್ಯಾಯ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಶಂಕುಸ್ಥಾಪನೆಯಾಗಿ, 1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಮುಗಿದು, ಎಡದಂಡೆಯ ಕಾಲುವೆಯ ನೀರು ಹರಿದಾಗ, ಮಳೆಯನ್ನೇ ನಂಬಿದ್ದ ಜೋಳದ ಹೊಲಗಳಲ್ಲಿ ಬತ್ತ ಬೆಳೆಯಿತು. ನೀರು ನಿಲ್ಲಲು ನೆಲ ಮಟ್ಟವಾಗಬೇಕು. ನೆಲ ಮಟ್ಟವಾಗಲು ಕಲ್ಲು ಏಳಬೇಕು. ಕ್ಷಾಮವನ್ನು ಕಂಡ ನಾಡಿನ ರೈತನಿಗೆ ಬೇರೆ ಆಯ್ಕೆಯನ್ನು ಯಾರೂ ಹೇಳಿರಲಿಲ್ಲ.

ಕಾಲುವೆಯು ಕೇವಲ ಅಳಿಸಿತೆಂದರೂ ಸತ್ಯವಾಗದು. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಹುಣಸಗಿಯ ಕಣಿವೆಯಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ದಶಕಗಳ ಕಾಲ ಶೋಧ ನಡೆಸಿ ಹಳೆಯ ಶಿಲಾಯುಗದ ನೂರಾರು ನೆಲೆಗಳನ್ನು ಬೆಳಕಿಗೆ ತಂದರು. ಅವುಗಳಲ್ಲಿ ಪ್ರಖ್ಯಾತವಾದ ಇಸಾಂಪುರದ ನೆಲೆಯು ಗೋಚರವಾದುದು ನೀರಾವರಿ ಕಾಮಗಾರಿಗಾಗಿ ಮೇಲಿನ ಮಣ್ಣನ್ನು ತೆಗೆದಾಗ. ಸುಣ್ಣಕಲ್ಲಿನ ಆಯುಧಗಳನ್ನು ಆದಿಮಾನವನು ಅಲ್ಲಿಯೇ ತಯಾರಿಸುತ್ತಿದ್ದನು. ಆ ನೆಲೆಗೆ ಸುಮಾರು ಹನ್ನೆರಡು ಲಕ್ಷ ವರ್ಷಗಳ ಪ್ರಾಚೀನತೆಯನ್ನು ವಿಜ್ಞಾನಿಗಳು ಸೂಚಿಸಿದ್ದಾರೆ. ಅದೇ ಸೀಮೆಯ ಕೊಡೇಕಲ್ಲು, ಬೂದಿಹಾಳಗಳಲ್ಲಿ ನವಶಿಲಾಯುಗದ ಪಶುಪಾಲಕರ ಬೂದಿದಿಬ್ಬಗಳು ಉತ್ಖನನಗೊಂಡಿವೆ. ಒಂದೇ ಗುದ್ದಲಿಯು ಇಸಾಂಪುರದಲ್ಲಿ ಚರಿತ್ರೆಯನ್ನು ತೆರೆಯಿತು, ನಾವು ಕಂಡ ಹೊಲದಲ್ಲಿ ಮುಚ್ಚಿತು. ವ್ಯತ್ಯಾಸವೆಲ್ಲ ಇದರಲ್ಲಿದೆ: ಇಸಾಂಪುರದಲ್ಲಿ ಸಕಾಲಕ್ಕೆ ನೋಡಬಲ್ಲವರು ಬಂದರು, ಇಲ್ಲಿಗೆ ನಾವು ತಡವಾಗಿ ಬಂದೆವು.

7

ಕೃಷ್ಣಾ–ಭೀಮಾ ನಡುನಾಡಿನ ಪ್ರತಿಯೊಂದು ಹೊಲಕ್ಕೂ ಪುರಾತತ್ತ್ವಜ್ಞನು ಹೋಗಲಾರನು. ವಿಹಾರಿಯು ಹೋಗಬಲ್ಲನು. ಆದರೆ ಅವನ ವಿಹಾರವು ಚರಿತ್ರೆಗೆ ನೆರವಾಗಬೇಕಾದರೆ ಕೆಲವು ನಿಯಮಗಳು ಅವಶ್ಯಕ. ಯಾವ ಕಲ್ಲನ್ನೂ ಚೂರನ್ನೂ ಅದರ ಸ್ಥಾನದಿಂದ ಎತ್ತಬಾರದು. ಊರಿನ ಹೆಸರು, ಹೊಲದ ಸರ್ವೆ ನಂಬರು, ಕಲ್ಲುಗಳ ಸಂಖ್ಯೆ, ಸಾಲಿನ ದಿಕ್ಕು ಇವನ್ನು ಸ್ಥಳದಲ್ಲಿಯೇ ಬರೆದುಕೊಳ್ಳಬೇಕು. ಊರವರು ಆ ಜಾಗಕ್ಕೆ ಇಟ್ಟ ಹೆಸರನ್ನು ಅವರ ಉಚ್ಚಾರಣೆಯಲ್ಲಿಯೇ ದಾಖಲಿಸಬೇಕು; ಮೋರೇರ ಮನೆಯೆಂಬ ಮಾತನ್ನು ಟೇಲರನು ಬರೆದುಕೊಳ್ಳದಿದ್ದರೆ ಆ ಕಾಲದ ಜನರು ಆ ಗೋರಿಗಳನ್ನು ಹೇಗೆ ತಿಳಿದಿದ್ದರೆಂಬುದು ನಮಗೆ ತಿಳಿಯುತ್ತಿರಲಿಲ್ಲ. ಎಲ್ಲಕ್ಕೂ ಮೊದಲು, ಹೊಲದ ಒಡೆಯನೊಡನೆ ಮಾತನಾಡಿ, ಅವನ ನೆಲದಲ್ಲಿರುವುದು ಏನೆಂಬುದನ್ನು ತಿಳಿಸಬೇಕು. ಕಲ್ಲನ್ನು ಉಳಿಸುವವನು ಕಡೆಗೂ ಅವನೇ.

ನಮ್ಮ ವಿಭಾಗದ ವಿದ್ಯಾರ್ಥಿಗಳು ಪ್ರತಿ ಚಳಿಗಾಲದಲ್ಲಿ ಒಂದೊಂದು ಹೋಬಳಿಯನ್ನು ಆರಿಸಿಕೊಂಡು ಸೈಕಲ್ಲಿನ ಮೇಲೆ ಹೀಗೆ ಸಂಚರಿಸಿ, ತಮ್ಮ ಟಿಪ್ಪಣಿಗಳನ್ನು ವಿಭಾಗದಲ್ಲಿ ಇರಿಸುವುದು ಅಪೇಕ್ಷಣೀಯ. ಇದಕ್ಕೆ ಬೇಕಾಗುವ ವೆಚ್ಚ ಅಲ್ಪ. ಮುಖ್ಯವಾದುದು ನಿಯತವಾಗಿ ಹೋಗುವ ಅಭ್ಯಾಸ. ಮೊದಲ ಟಿಪ್ಪಣಿಯಾಗಿ ಆ ಒಡ್ಡಿನ ಹನ್ನೊಂದು ಕಲ್ಲುಗಳ ಅಳತೆಯನ್ನು ವಿದ್ಯಾರ್ಥಿಗಳು ಬರೆದು ತಂದಿದ್ದಾರೆ. ಅವು ಮೊದಲು ಇದ್ದ ಸ್ಥಾನವನ್ನು ಆ ವೃದ್ಧರು ಬೆರಳು ಮಾಡಿ ತೋರಿದಂತೆ, ಅವರ ನೆನಪನ್ನೇ ಆಧಾರವಾಗಿಟ್ಟು, ಒಂದು ನಕ್ಷೆಯಲ್ಲಿ ಗುರುತಿಸಲಾಗಿದೆ. ಅದು ದುರ್ಬಲವಾದ ಆಧಾರವೇ ಸರಿ. ಆದರೆ ಆ ಹೊಲದ ಮಟ್ಟಿಗೆ ಈಗ ಉಳಿದಿರುವುದು ಅದೊಂದೇ.